ಸೆಟ್ಟಿನ ಮೇಲೆ ಹೂಕುಂಡ ಇಟ್ಟವರು ಯಾರು, ಹೇಳಿ

ರಾತ್ರಿ ಹನ್ನೊಂದೂವರೆ. ನಿದ್ದೆ ಬರುತ್ತಿಲ್ಲ. ನನ್ನ ಹಳೆ ಮಿಲಿಟರಿ ರೇಡಿಯೋ ಸೆಟ್ಟನ್ನು ಕವಚದಿಂದ ಹೊರಗೆಳೆದು ಮೇಜಿನ ಮೇಲೆ ಇಟ್ಟಿದ್ದೇನೆ. ಪಕ್ಕದಲ್ಲಿ 60 ವಾಟಿನ ಬಲ್ಬು ಉರಿಯುತ್ತಿದೆ, ನೀರು ಆರಲಿ ಅಂತ. ಹೂಕುಂಡದ ನೀರು! ಯಾರು ಇಟ್ಟದ್ದು ಅದನ್ನು? ಬೆಳಿಗ್ಗೆ ಕಾರ್ಯಕ್ರಮ ಮಾಡಿದವರಲ್ಲಿ ಸಂಜೆಯಿಂದ ಆರು ಜನಕ್ಕೆ ಫೋನ್ ಮಾಡಿದೆ. ನಾನಲ್ಲ ಅಂತಾರೆ. ಡೆಕೊರೇಷನ್‌ನವರು ಇರಬೇಕು ಅಂತಾರೆ. ಡೆಕೊರೇಷನ್‌ನವರನ್ನು ಕೇಳಿದರೆ ನಾವು ಬಾಗಿಲಿನ ಹತ್ತಿರ ಮಾತ್ರ ಕುಂಡ ಇಟ್ಟದ್ದು ಅಂತಾರೆ. ಒಬ್ಬರಂತೂ "ಅಯ್ಯೋ ಅದಕ್ಕೆ ಇಷ್ಟೊಂದಾ, ಒರೆಸಿದರೆ ಆಯ್ತಲ್ವಾ" ಅಂದುಬಿಟ್ಟರು.

ಒರೆಸಿದರೆ ಆಗುವುದಿಲ್ಲ. ಆ ಸೆಟ್ಟು ಓಡುವಾಗ ಒಳಗೆ ಒಂದು ಕಡೆ 275 ವೋಲ್ಟು, ಇನ್ನೊಂದು ಕಡೆ 500 ವೋಲ್ಟು ಇರುತ್ತದೆ. 12 ವೋಲ್ಟಿನ ಬ್ಯಾಟರಿಯಿಂದ ಡೈನಮೋಟರ್ ಅಂತ ಒಂದು ಮೋಟಾರ್-ಜನರೇಟರ್ ತಿರುಗಿಸಿ ಅಷ್ಟು ಎಬ್ಬಿಸುವುದು. ಒದ್ದೆ ಇರುವಾಗ ಯಾರಾದರೂ ಮಕ್ಕಳು ಬಂದು ಸ್ವಿಚ್ ಹಾಕಿದ್ದರೆ? ಯಾರಿಗೂ ಯೋಚನೆ ಬರಲಿಲ್ಲ.

ಆದರೆ ನನ್ನ ಸಿಟ್ಟು ನೀರಿನದ್ದಲ್ಲ. ನೀರು ಆರುತ್ತದೆ. ಆ ಹನ್ನೊಂದೂಕಾಲರ ಹೊತ್ತು ಇದೆಯಲ್ಲ, ಅದು ತಲೆಯಿಂದ ಹೋಗುತ್ತಿಲ್ಲ.

ಕರೆದದ್ದು ಅವರೇ. ನಾನು ಕೇಳಿಕೊಂಡು ಹೋದವನಲ್ಲ. "ಯೋಧರ ನೆನಪಿನ ಕಾರ್ಯಕ್ರಮ, ನಿಮ್ಮ ಮಿಲಿಟರಿ ರೇಡಿಯೋ ತನ್ನಿ, ಓಡಿಸಿ ತೋರಿಸಿ" ಅಂತ ಮನೆಗೆ ಬಂದು ಕಾಫಿ ಕುಡಿದು ಹೇಳಿ ಹೋದರು. ನಾನು ಅವತ್ತೇ ಹೇಳಿದ್ದೆ, ವೇದಿಕೆ ಹತ್ತಿರ ಬೇಡ, ನಿಮ್ಮ ಮೈಕಿಗೂ ನನ್ನ ಸೆಟ್ಟಿಗೂ ಆಗುವುದಿಲ್ಲ, ಮೋರ್ಸ್ ಕೀ, ಅಂದರೆ ಡಿ ಡಾ ಸದ್ದಿನಲ್ಲಿ ಅಕ್ಷರ ಕಳಿಸುವ ಗುಂಡಿ, ಒತ್ತಿದರೆ ಸ್ಪೀಕರಿನಲ್ಲಿ ಗೊರಗೊರ ಬರುತ್ತದೆ, ಹಿಂದಿನ ಜಗಲಿಯಲ್ಲಿ ಒಂದು ಮೇಜು ಕೊಡಿ ಸಾಕು ಅಂತ. ಆಯ್ತು ಆಯ್ತು ಅಂದರು. ಬೆಳಿಗ್ಗೆ ಹೋಗಿ ನೋಡಿದರೆ ಮೇಜು ವೇದಿಕೆಯ ಪಕ್ಕದಲ್ಲೇ ಇದೆ. ಯಾಕೆ ಅಂದರೆ ಫೋಟೋದಲ್ಲಿ ಚೆನ್ನಾಗಿ ಬರುತ್ತದಂತೆ. ಏರಿಯಲ್ಲಿಗೆ ಅಂತ 20 ಮೀಟರ್ ತಂತಿಯನ್ನು ಹೊರಗಿನ ಸಿಲ್ವರ್ ಓಕ್ ಮರಕ್ಕೆ ಎಳೆದು ಕಟ್ಟಿದ್ದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಆ ತಂತಿಗೆ ಸಾಲಾಗಿ ಬಲೂನು ಕಟ್ಟಿದ್ದಾರೆ.

ಅಷ್ಟಕ್ಕೇ ವಾಪಸ್ ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಹವಾಲ್ದಾರ್ ಮಾವ ಬಂದು ಕೂತಿದ್ದರು.

ಅವರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅವರಿಗೆ ಇಷ್ಟ ಆಗುವುದಿಲ್ಲ. ಸಿಗ್ನಲ್ಸ್‌ನವರು, ಸೈನ್ಯದ ಸಂಪರ್ಕ ವಿಭಾಗ. 1962ರ ಚೀನಾ ಯುದ್ಧದಲ್ಲಿ ನೇಫಾದಲ್ಲಿ, ಅಂದರೆ ಈಗಿನ ಅರುಣಾಚಲದಲ್ಲಿ, ಇದ್ದವರು. ವಯಸ್ಸು 80 ದಾಟಿ ಕೆಲವು ವರ್ಷ ಆಯಿತು. ರಿಟೈರ್ ಆದ ಮೇಲೆ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಲೈಸೆನ್ಸ್ ಕೂಡ ಮಾಡಿಸಿಕೊಂಡವರು, ಆದರೆ ಸೆಟ್ಟು ಮಾರಿ ಎಷ್ಟೋ ಕಾಲ ಆಗಿತ್ತು. ಇವತ್ತು ಬ್ಲೇಜರ್ ಹಾಕಿ, ಮೆಡಲ್ ಸಿಕ್ಕಿಸಿ, ಹತ್ತು ಗಂಟೆಗೇ ಬಂದು ಸೆಟ್ಟಿನ ಮುಂದಿನ ಕುರ್ಚಿಯಲ್ಲಿ ಕೂತರು. ಈ 19ನೇ ನಂಬರ್ ಸೆಟ್ಟಿನ ಕೀಗೆ ತೊಡೆಗೆ ಸಿಕ್ಕಿಸಿಕೊಳ್ಳುವ ಒಂದು ಕ್ಲಿಪ್ ಇರುತ್ತದೆ. ಓಡುವ ಟ್ಯಾಂಕಿನಲ್ಲಿ ಮೇಜು ಎಲ್ಲಿ ಬರಬೇಕು, ಅದಕ್ಕೆ. ನಾನು ಏನೂ ಹೇಳಲಿಲ್ಲ. ಅವರೇ ಕೀ ತೆಗೆದುಕೊಂಡು, ಪ್ಯಾಂಟಿನ ನೆರಿಗೆ ಸರಿಮಾಡಿ, ಬಲತೊಡೆಗೆ ಸಿಕ್ಕಿಸಿಕೊಂಡರು. ಕೈ ನಡುಗುತ್ತಿತ್ತು. ಕೀ ಮೇಲೆ ಬೆರಳು ಇಟ್ಟ ಕೂಡಲೇ ನಡುಕ ನಿಂತಿತು. ನಾನು ನೋಡಿದೆ, ಸುಳ್ಳಲ್ಲ, ನಿಂತಿತು.

ಮೈಸೂರಿನಲ್ಲಿ ನನ್ನ ಹ್ಯಾಮ್ ಗೆಳೆಯ ಒಬ್ಬ ಇದ್ದಾನೆ. ಅವನ ಹತ್ತಿರ ಒಂದು ವಾರ ಮೊದಲೇ ಮಾತಾಡಿದ್ದೆ. ಸರಿಯಾಗಿ 11:15ಕ್ಕೆ, 7 ಮೆಗಾಹರ್ಟ್ಸ್‌ನಲ್ಲಿ, ಮೋರ್ಸ್‌ನಲ್ಲಿ ಹವಾಲ್ದಾರ್ ಮಾವನ ಪೂರ್ತಿ ಹೆಸರು ಹೇಳಿ ಕರೆಯಬೇಕು, ಅವರು ಉತ್ತರ ಕೊಡುತ್ತಾರೆ. ಇಷ್ಟೇ ಕಾರ್ಯಕ್ರಮ. ಐದು ನಿಮಿಷ. ಐದೇ ನಿಮಿಷ ಕೇಳಿದ್ದು ನಾನು!

11:15. ಬಂತು. ಡಿ ಡಾ ಅಂತ ಸಣ್ಣಗೆ, ಆದರೆ ಚೊಕ್ಕವಾಗಿ ಬಂತು. ಮಾವ ಹೆಡ್‌ಫೋನ್ ಒಂದು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಪೆನ್ಸಿಲ್ ಹಿಡಿದು ಚೀಟಿಯ ಮೇಲೆ ಬರೆಯತೊಡಗಿದರು. ಒಂದು ಅಕ್ಷರ. ಎರಡು. ಮೂರು. ಅದು ತಮ್ಮದೇ ಹೆಸರು ಅಂತ ಆಗ ಗೊತ್ತಾಯಿತು ಅವರಿಗೆ. ನನ್ನ ಕಡೆ ನೋಡಿದರು. ನಾಲ್ಕನೆಯದು ಬರೆದರು.

ಅಷ್ಟರಲ್ಲಿ ಮುಖ್ಯ ಅತಿಥಿ ಬಂದರು.

ನಿರೂಪಣೆ ಮಾಡುತ್ತಿದ್ದವರು ಮೈಕ್ ಹಿಡಿದುಕೊಂಡೇ ನಮ್ಮ ಮೇಜಿಗೆ ಬಂದರು. ಮೈಕ್ ಆಫ್ ಮಾಡಿಲ್ಲ, ಇಡೀ ಹಾಲಿಗೆ ಕೇಳುತ್ತಿದೆ. ಸೆಟ್ಟಿನ ಪ್ಯಾನೆಲ್ ನೋಡಿದರು. ಅದರ ಮೇಲೆ ಇಂಗ್ಲಿಷ್ ಜೊತೆ ರಷ್ಯನ್ ಅಕ್ಷರವೂ ಇದೆ, ಯಾಕೆಂದರೆ ಅದು ಕೆನಡಾದಲ್ಲಿ ಮಾಡಿದ ಸೆಟ್ಟು, ಎರಡನೇ ಮಹಾಯುದ್ಧದಲ್ಲಿ ಅಂಥವನ್ನು ರಷ್ಯಾಕ್ಕೂ ಕಳಿಸುತ್ತಿದ್ದರು. ಇವರು ನೋಡಿ ಹೇಳುತ್ತಾರೆ, "ಏನ್ ಸಾರ್ ಇದು, ಚೈನಾ ಸೆಟ್ಟಾ?"

1962ರಲ್ಲಿ ನೇಫಾದಲ್ಲಿ ಇದ್ದ ಮನುಷ್ಯನ ಮುಂದೆ. ಎದೆಯ ಮೇಲೆ ಮೆಡಲ್ ಇರುವ ಮನುಷ್ಯನ ಮುಂದೆ. ಚೈನಾ ಸೆಟ್ಟಾ.

ಹಾಲಿನಲ್ಲಿ ನಕ್ಕರು. ನಕ್ಕರು ಅಂತ ಅವರಿಗೆ ಇನ್ನೂ ಹುರುಪು ಬಂತು. "ಇದರಲ್ಲಿ ಎಫ್‌ಎಂ ಬರುತ್ತಾ? ಒಂದು ಹಾಡು ಹಾಕಿ ನೋಡುವಾ." ಮತ್ತೆ ನಗು. ಮುಂದಿನ ಸಾಲಿನಲ್ಲಿ ಕೂತಿದ್ದ ಯೂನಿಫಾರ್ಮಿನ ಮಕ್ಕಳೂ ನಕ್ಕರು. ಮಕ್ಕಳದ್ದು ತಪ್ಪಲ್ಲ, ದೊಡ್ಡವರು ನಕ್ಕರೆ ಅವರೂ ನಗುತ್ತಾರೆ. ಆಮೇಲೆ, "ಸರಿ ಸರಿ, ಅತಿಥಿಗಳು ಬಂದಾಯ್ತು, ಈ ಕುಯ್ಯ್ ಕುಯ್ಯ್ ಸ್ವಲ್ಪ ನಿಲ್ಲಿಸಿ." ನಾನು ಎರಡು ನಿಮಿಷ ಸಾರ್ ಅಂದೆ. ಒಂದೇ ನಿಮಿಷ ಅಂದೆ. ಅವರು ಸೌಂಡ್ ಸಿಸ್ಟಮ್ ಹುಡುಗನಿಗೆ ಕಣ್ಣು ಮಾಡಿದರು. ಆ ಹುಡುಗ ಬಗ್ಗಿ ಬ್ಯಾಟರಿಯ ವೈರನ್ನೇ ಎಳೆದುಬಿಟ್ಟ. ಟರ್ಮಿನಲ್ಲಿನ ಹಿತ್ತಾಳೆ ನಟ್ಟು ಹಾರಿ ವೇದಿಕೆಯ ಕೆಳಗೆ ಉರುಳಿತು. ಡೈನಮೋಟರ್ ಉಂ ಅಂತ ಇಳಿಯುತ್ತಾ ಹೋಗಿ ನಿಂತಿತು.

ನಾನು ಏನು ಮಾಡಿದೆ ಗೊತ್ತಾ? ಜಗಳ ಆಡಲಿಲ್ಲ. ಬೈಯಲಿಲ್ಲ. "ಪರವಾಗಿಲ್ಲ ಸಾರ್" ಅಂದೆ. ಅಂದುಬಿಟ್ಟೆ. ಆ ಮಾತನ್ನು ಬೆಳಿಗ್ಗೆಯಿಂದ ನೂರು ಸಲ ವಾಪಸ್ ತೆಗೆದುಕೊಂಡಿದ್ದೇನೆ. ಪರವಾಗಿದೆ! ತುಂಬಾ ಪರವಾಗಿದೆ!

ಮಾವ ತೊಡೆಯಿಂದ ಕೀ ಬಿಚ್ಚಿದರು. ಕರ್ಚೀಫಿನಿಂದ ಒರೆಸಿದರು. ನನ್ನ ಕೈಗೆ ಕೊಟ್ಟು ಮೆಲ್ಲಗೆ ಹೇಳಿದರು, "ಇರ್ಲಿ ಬಿಡು ಮಗ. ಅವತ್ತೂ ಹೀಗೇ, ಉತ್ತರ ಕೊಡೋಕೆ ಆಗ್ಲಿಲ್ಲ."

ಅವತ್ತು ಅಂದರೆ ಯಾವತ್ತು ಅಂತ ನಾನು ಕೇಳಲಿಲ್ಲ. ಚೀನಾ ದಾಳಿ ಶುರುವಾದದ್ದು ಆ ವರ್ಷ ಅಕ್ಟೋಬರ್ 20ಕ್ಕೆ. ಅದೇ ದಿನವೋ, ಆಮೇಲಿನದ್ದೋ. ಇಷ್ಟು ವರ್ಷ ಪರಿಚಯ ಇದ್ದರೂ ಅವರು ಆ ಒಂದು ಮಾತು ಆಡಿದ್ದು ಇವತ್ತೇ ಮೊದಲು. ಅವರನ್ನು ಕಾರಿನವರೆಗೆ ಬಿಟ್ಟು ವಾಪಸ್ ಬಂದೆ. ಅಷ್ಟು ಹೊತ್ತಿಗೆ ಮೇಜನ್ನು ಹಿಂದಕ್ಕೆ ತಳ್ಳಿದ್ದರು. ಸೆಟ್ಟಿನ ಮೇಲೆ ಹೂಕುಂಡ. ಸಪ್ಲೈ ಯೂನಿಟ್ಟಿನ ಮೇಲೆ ಗಣ್ಯರಿಗೆ ಹಾಕುವ ಶಾಲುಗಳ ರಾಶಿ. ನೀರು ಪ್ಯಾನೆಲ್ಲಿನ ಮೇಲಿಂದ ಇಳಿದು ಮೀಟರಿನ ಗಾಜಿನ ಅಂಚಿನಲ್ಲಿ ನಿಂತಿತ್ತು.

ಮೂರು ಮಳೆಗಾಲ ಕೂತಿದ್ದೇನೆ ಆ ಸೆಟ್ಟಿನ ಮುಂದೆ. ಒಂದು ಕಾಫಿ ಗೋಡೌನಿನಲ್ಲಿ ಗೋಣಿಚೀಲದ ಅಡಿಯಲ್ಲಿ ಬಿದ್ದಿತ್ತು. ನಮ್ಮ ಕೊಡಗಿನ ಮಳೆ ಗೊತ್ತಲ್ವಾ, ಬೆಲ್ಟು, ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಇದು ಉಳಿಯುತ್ತದಾ? ಒಳಗಿನ ರಬ್ಬರ್ ವೈರು ಮುಟ್ಟಿದರೆ ಹಪ್ಪಳದ ಹಾಗೆ ಪುಡಿ. ಡೈನಮೋಟರಿನ ಗ್ರೀಸು ಗಟ್ಟಿಯಾಗಿ ಹಳೆ ಬೆಲ್ಲದ ಹಾಗೆ ಆಗಿತ್ತು. ಕಾಗದದ ಕಂಡೆನ್ಸರ್‌ಗಳು ಒಂದೂ ಸರಿ ಇರಲಿಲ್ಲ, ಎಲ್ಲ ಕರೆಂಟು ಸೋರುತ್ತಿದ್ದವು. ಹೊಸದು ಹಾಕಿದರೆ ಹಳೆಯ ರೂಪ ಹೋಗುತ್ತದೆ ಅಂತ ಒಂದೊಂದನ್ನೇ ಬಿಸಿಮಾಡಿ, ಒಳಗಿನದ್ದು ತೆಗೆದು, ಹೊಸ ಕಂಡೆನ್ಸರನ್ನು ಆ ಹಳೆ ಡಬ್ಬಿಯ ಒಳಗೇ ಕೂರಿಸಿದೆ. ಯಾರಿಗೂ ಕಾಣುವುದಿಲ್ಲ ಅದು. ನನಗೆ ಗೊತ್ತಿರುತ್ತದೆ. ಕಳಿಸುವ ಕಡೆಯ ದೊಡ್ಡ ವಾಲ್ವು, 807, ಅದಕ್ಕೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎಷ್ಟು ಅಂಗಡಿ ಸುತ್ತಿದ್ದೇನೆ ನನಗೇ ಲೆಕ್ಕ ಇಲ್ಲ. ಮೊದಲ ಸಲ ವಾಲ್ವುಗಳು ಕೆಂಪಗೆ ಆದ ರಾತ್ರಿ ಹೆಂಡತಿಯನ್ನು ಎಬ್ಬಿಸಿ ತೋರಿಸಿದ್ದೆ. ಬಿಸಿ ಆದ ಧೂಳು, ಮೇಣ, ವಾರ್ನಿಷ್ ಸೇರಿದ ಒಂದು ವಾಸನೆ ಬರುತ್ತದೆ ಆಗ. ನನ್ನ ಅಜ್ಜನ ಹಳೆ ಟ್ರಂಕಿನ ವಾಸನೆಯೂ ಹೆಚ್ಚುಕಡಿಮೆ ಅದೇ.

ಅಜ್ಜ ಬರ್ಮಾದಲ್ಲಿ ಸಿಗ್ನಲರ್ ಆಗಿದ್ದರು. ಊಟ ಆದ ಮೇಲೆ ಮೇಜಿನ ಮೇಲೆ ಉಗುರಿನಲ್ಲಿ ಕುಟ್ಟುತ್ತಾ ಕೂರುತ್ತಿದ್ದರು. ನಾವು ಸುಮ್ನೆ ಚಾಳಿ ಅಂದುಕೊಂಡಿದ್ದೆವು. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ ನಾನು ಮೋರ್ಸ್ ಕಲಿತೆ. ಆಮೇಲೆ ಹೊಳೆಯಿತು, ಅದು ಮಾತಾಗಿತ್ತು ಅಂತ. ಮನೆಯಲ್ಲಿ ಒಬ್ಬರಿಗೂ ಅರ್ಥ ಆಗದ ಮಾತು.

ಬಿಡಿ. ಯಾರಿಗೆ ಬೇಕು ಇದೆಲ್ಲ. ಕೊಟ್ಟುಬಿಡುತ್ತೇನೆ ಯಾವುದಾದರೂ ಮ್ಯೂಸಿಯಮ್ಮಿಗೆ, ಗಾಜಿನ ಒಳಗೆ ಇಡಲಿ, ಅಲ್ಲಿ ಹೂಕುಂಡ ಆದರೂ ಇಡಲಿಕ್ಕೆ ಆಗುವುದಿಲ್ಲ.

ಇಲ್ಲ, ಬಿಡುವುದಿಲ್ಲ. ಯಾಕೆ ಬಿಡಬೇಕು? ನಾವು ಎಂಥ ಊರಿನವರು? ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಊರು, ಜನರಲ್ ತಿಮ್ಮಯ್ಯನವರ ಊರು ಅಂತ ಎದೆ ತಟ್ಟಿಕೊಳ್ಳುತ್ತೇವೆ. ತಿಮ್ಮಯ್ಯನವರ ಸನ್ನಿ ಸೈಡ್ ಮನೆಯನ್ನು 2021ರಲ್ಲಿ ಮ್ಯೂಸಿಯಂ ಮಾಡಿದಾಗ ಎಷ್ಟು ಖುಷಿಪಟ್ಟೆವು. ಕೈಲ್‌ಪೋಳ್ದ್ ಅಂದರೆ ನಮ್ಮ ಆಯುಧ ಪೂಜೆಯ ಹಬ್ಬದ ದಿನ ಕೋವಿ ಒರೆಸಿ, ಎಣ್ಣೆ ಹಾಕಿ, ಸಾಲಾಗಿ ಇಟ್ಟು, ನಳಿಗೆಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಕೈ ಮುಗಿಯುತ್ತೇವೆ. ಕೋವಿಯನ್ನು ಮಕ್ಕಳು ದಾಟಿದರೆ ಬೈಯುತ್ತೇವೆ. ಅದೂ ಹೂವೇ ಅಲ್ವಾ? ಕೋವಿಗೆ ಹೂ ಇಡುವ ಕೈಗೆ, ಇದು ಕುಂಡ ಇಡುವ ಸ್ಟೂಲ್ ಅಲ್ಲ ಅಂತ ಹೇಗೆ ಗೊತ್ತಾಗಲಿಲ್ಲ?

ಕಾಶ್ಮೀರದ ಜೋಜಿ ಲಾ ಕಣಿವೆದಾರಿ ಅಂದರೆ ಎಲ್ಲರಿಗೂ ಟ್ಯಾಂಕು ಗೊತ್ತು. 1948ರ ನವೆಂಬರ್ 1ಕ್ಕೆ ತಿಮ್ಮಯ್ಯನವರು ಅಷ್ಟು ಎತ್ತರಕ್ಕೆ ಟ್ಯಾಂಕು ಏರಿಸಿದರು ಅಂತ ಭಾಷಣದಲ್ಲಿ ಇವತ್ತೂ ಹೇಳಿದರು, ಚಪ್ಪಾಳೆ ಬಿತ್ತು. ಆ ಟ್ಯಾಂಕುಗಳು ಒಂದಕ್ಕೊಂದು ಕೂಗಿ ಹೇಳಿಕೊಂಡು ಹೋದವಾ? ಒಳಗೆ ಒಬ್ಬ ಹೆಡ್‌ಫೋನ್ ಹಾಕಿಕೊಂಡು ಕೂತಿರಲಿಲ್ವಾ? ಬರ್ಮಾದ ಕಾಡಿನಲ್ಲಿ ಸೆಟ್ಟು, ಬ್ಯಾಟರಿ ಎಲ್ಲ ಹೇಸರಗತ್ತೆ ಮೇಲೆ ಹೇರಿಕೊಂಡು, ಮಳೆಯಲ್ಲಿ ಮರಕ್ಕೆ ತಂತಿ ಎಸೆದು ರಾತ್ರಿಯೆಲ್ಲ ಕೂತವರು ಯಾರು? ಫಿರಂಗಿ ಎಲ್ಲಿ ಬೀಳಬೇಕು, ಗಾಯ ಆದವರನ್ನು ಎಲ್ಲಿಗೆ ತರಬೇಕು, ಅಕ್ಕಿ ಮುಗಿದಿದೆ, ಎಲ್ಲ ಆ ಕುಯ್ಯ್ ಕುಯ್ಯ್‌ನಲ್ಲೇ ಹೋದದ್ದು ಸ್ವಾಮಿ. 1911ರ ಫೆಬ್ರವರಿ 15ಕ್ಕೆ ಶುರುವಾದ ಸಿಗ್ನಲ್ಸ್ ಕೋರ್ ಅದು. ಪ್ರತಿ ವರ್ಷ ಆ ದಿನ ನಾನು ಮನೆಯಲ್ಲಿ ಒಬ್ಬನೇ ಸೆಟ್ಟು ಹಾಕಿ ಅರ್ಧ ಗಂಟೆ ಕರೆಯುತ್ತೇನೆ. ಮೂರೋ ನಾಲ್ಕೋ ಜನ ಉತ್ತರ ಕೊಡುತ್ತಾರೆ. ಅಷ್ಟೇ ಇರುವುದು ನಾವು.

2018ರ ಆಗಸ್ಟ್ ಮರೆತುಹೋಯ್ತಾ ನಿಮಗೆ? ಗುಡ್ಡ ಜರಿದು, ಕರೆಂಟು ಇಲ್ಲ, ಟವರ್ ಇಲ್ಲ, ಆಚೆ ಊರಿನವರು ಬದುಕಿದ್ದಾರಾ ಇಲ್ವಾ ಗೊತ್ತಿಲ್ಲ. ಕೈಯಲ್ಲಿ ಸತ್ತ ಫೋನ್ ಹಿಡಿದುಕೊಂಡು ರಸ್ತೆಯಲ್ಲಿ ನಿಂತಿದ್ದೆವಲ್ಲ. ಒಂದು ಉತ್ತರಕ್ಕೆ ಕಾಯುವುದು ಅಂದರೆ ಏನು ಅಂತ ಈ ಜಿಲ್ಲೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೂ ನಗುತ್ತೀರಿ.

ಮಧ್ಯಾಹ್ನ ಮೈಸೂರಿನ ಗೆಳೆಯ ಫೋನ್ ಮಾಡಿದ. ಇಪ್ಪತ್ತು ನಿಮಿಷ ಕರೆದನಂತೆ. ಮಾವನ ಹೆಸರು, ಕೊನೆಗೆ ಡಾ ಡಿ ಡಾ. ಅಂದರೆ ಕೆ, ಈಗ ನೀವು ಹೇಳಿ ಅಂತ ಅರ್ಥ. ಮತ್ತೆ ಹೆಸರು, ಮತ್ತೆ ಡಾ ಡಿ ಡಾ. "ಮಾವನಿಗೆ ಹುಷಾರಿಲ್ಲವೇನೋ ಅಂತ ಭಯ ಆಯ್ತು" ಅಂದ. ನನಗೆ ಏನು ಹೇಳಬೇಕು ಗೊತ್ತಾಗಲಿಲ್ಲ. ಬ್ಯಾಟರಿ ಹೋಯ್ತು ಅಂದೆ.

ಆ ಚೀಟಿ ನನ್ನ ಹತ್ತಿರ ಇದೆ. ನಾಲ್ಕು ಅಕ್ಷರ, ಎಲ್ಲ ಕ್ಯಾಪಿಟಲ್, ಒಂದೇ ಅಳತೆ. ಐದನೆಯದಕ್ಕೆ ಪೆನ್ಸಿಲ್ ಊರಿದ ಚುಕ್ಕೆ ಮಾತ್ರ ಇದೆ.

ಮಾವನ ಮನೆಗೆ ರಾತ್ರಿ ಎಂಟಕ್ಕೆ ಫೋನ್ ಮಾಡಿದ್ದೆ. ಊಟ ಬೇಡ ಅಂದು ಮಲಗಿದರು ಅಂತ ಹೇಳಿದರು.

ಈಗ ನನಗೆ ಉತ್ತರ ಬೇಕು. ಕಾರ್ಯಕ್ರಮ ಮಾಡಿದವರು ಇದನ್ನು ಓದುತ್ತೀರಿ ಅಂತ ಗೊತ್ತು. ನನಗೆ ಶಾಲು ಬೇಡ, ನೆನಪಿನ ಕಾಣಿಕೆಯೂ ಬೇಡ, ಅದನ್ನು ನಾಳೆಯೇ ವಾಪಸ್ ತಂದುಕೊಡುತ್ತೇನೆ. ಯಾರಾದರೂ ಒಬ್ಬರು ಹವಾಲ್ದಾರ್ ಮಾವನ ಮನೆಗೆ ಹೋಗಿ ತಪ್ಪಾಯಿತು ಅಂತ ಹೇಳಿ. ಮೈಕಿನಲ್ಲಿ ಬೇಡ, ಮನೆಗೆ ಹೋಗಿ. ಹೋಗುತ್ತೀರಾ ಇಲ್ವಾ, ಅಷ್ಟು ಹೇಳಿ. ಮತ್ತೆ ಆ ಹಿತ್ತಾಳೆ ನಟ್ಟು ವೇದಿಕೆಯ ಕೆಳಗೆ ಎಡಗಡೆ ಮೂಲೆಯಲ್ಲಿ ಇರಬೇಕು. ಗುಡಿಸುವಾಗ ಸಿಕ್ಕಿದರೆ ಎಸೆಯಬೇಡಿ, ತೆಗೆದಿಡಿ. ಬಂದು ತೆಗೆದುಕೊಂಡು ಹೋಗುತ್ತೇನೆ. ಭಾನುವಾರ 11:15ಕ್ಕೆ ಬೇಕು ಅದು.