ನಿಮ್ಮದು ಯಾವೂರಾತು?

ಗಂಡ-ಹೆಂಡತಿ ಇಬ್ಬರೇ ಒಂದು ಶನಿವಾರ-ಭಾನುವಾರ ಯಾರ ಗೊಡವೆಯೂ ಇಲ್ಲದೆ ಎಲ್ಲಾದರೂ ಇದ್ದು ಬರಬೇಕೆಂದರೆ ಉತ್ತರ ಕನ್ನಡದವರು ಮೊದಲು ಜಿಲ್ಲೆಯ ಗಡಿ ದಾಟಬೇಕು. ಅದಾಗದಿದ್ದರೆ ಗಂಡನ ಬಾಯಿಗೆ ಬೀಗ ಹಾಕಬೇಕು. ನಮ್ಮ ಪಾಲಿಗೆ ಎರಡೂ ಆಗಲಿಲ್ಲ. ಮೊನ್ನೆ ರಾತ್ರಿ ಶಿರಸಿಯಿಂದ ಕಾರವಾರಕ್ಕೆ ಮರಳಿದ ನನಗೆ ಇನ್ನೂ ಹೊತ್ತಿಗೆ ಸರಿಯಾಗಿ ಹಸಿವಾಗುತ್ತಿಲ್ಲ, ಸಿಟ್ಟು ಮಾತ್ರ ಮೂರು ಹೊತ್ತೂ ತಪ್ಪದೆ ಬರುತ್ತಿದೆ.

ಅಕ್ಟೋಬರಿನ ಕಾರವಾರ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಳೆ ಹಿಂದೆ ಸರಿದ ಮೇಲೆ ಬರುವ ಆ ಅಂಟು ಸೆಕೆಯಲ್ಲಿ ತೊಳೆದು ಹಾಕಿದ ಬಟ್ಟೆ ಒಣಗಬಹುದು, ಉಟ್ಟ ಬಟ್ಟೆ ಒಣಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಅದೇ ತಿಂಗಳಲ್ಲಿ ಬೆಳಗಿನ ಹೊತ್ತು ಮಂಜು ಬೀಳುತ್ತದೆ, ರಾತ್ರಿ ಹೊದಿಕೆ ಬೇಕಾಗುತ್ತದೆ. ಆದ್ದರಿಂದ ಶಿರಸಿಗೇ ಹೋಗುವುದೆಂದಾಯಿತು. ಆದರೆ ಅಲ್ಲಿ ನಮಗೆ ನೆಂಟರಿಲ್ಲದ ಕೇರಿಯೇ ಇಲ್ಲ. ನೆಂಟರಿದ್ದೂ ದುಡ್ಡು ಕೊಟ್ಟು ಉಳಿದವರ ಸುದ್ದಿ ಮುಂದಿನ ಮದುವೆಮನೆಯಲ್ಲಿ ಪಾಯಸಕ್ಕಿಂತ ಮೊದಲು ಬಡಿಸಲ್ಪಡುತ್ತದೆ. ಹಾಗಾಗಿ ಪೇಟೆಯಿಂದ ದೂರದ ಒಂದು ಹೋಮ್‌ಸ್ಟೇ ಗೊತ್ತುಮಾಡಿ, ಯಾರಿಗೂ ತಿಳಿಸಕೂಡದೆಂದು ಇವರಿಂದ ಮಾತು ತೆಗೆದುಕೊಂಡೆ. ಮಾತು ಕೊಡುವಾಗಲೂ ಇವರು ಸುಮ್ಮನಿರಲಿಲ್ಲ. "ರವೀಂದ್ರನಾಥ ಠಾಗೋರರೇ ಕಾರವಾರಕ್ಕೆ ಬಂದಾಗ ಇಳಿದದ್ದು ಅಣ್ಣನ ಮನೆಯಲ್ಲಿ" ಎಂದರು. 1880ರ ದಶಕದಲ್ಲಿ ಠಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದುದು ನಿಜವೇ. ಆದರೆ ಠಾಗೋರರು ಆ ಮನೆಯಲ್ಲಿ ಕುಳಿತು ನಾಟಕ ಬರೆದರು. ನನಗೆ ಬಂದ ಕೆಲಸ ಬೇರೆ.

ಇವರಿಗೊಂದು ಚಟವಿದೆ. ಹೊಗೆಸೊಪ್ಪಲ್ಲ, ಇಸ್ಪೀಟಲ್ಲ, ಅವನ್ನಾದರೂ ಬಿಡಿಸುವವರಿದ್ದಾರೆ. ಎದುರಿಗೆ ಸಿಕ್ಕವರು ನಮ್ಮ ಹವ್ಯಕ ಮಾತಿನಲ್ಲಿ ಅರ್ಧ ವಾಕ್ಯ ಆಡಿದರೆ ಸಾಕು, "ನಿಮ್ಮದು ಯಾವೂರಾತು?" ಎಂದು ಶುರುಮಾಡುತ್ತಾರೆ. ಊರು ತಿಳಿದ ಮೇಲೆ ಮನೆ, ಮನೆ ತಿಳಿದ ಮೇಲೆ ಆ ಮನೆಯ ಹೆಣ್ಣುಮಕ್ಕಳನ್ನು ಕೊಟ್ಟದ್ದೆಲ್ಲಿಗೆ, ಸೊಸೆಯರನ್ನು ತಂದದ್ದೆಲ್ಲಿಂದ ಎಂದು, ಕಾಳಿ ನದಿಯ ದಂಡೆಯಲ್ಲಿ ಗಾಳ ಹಾಕಿ ಕುಳಿತವನ ತಾಳ್ಮೆಯಿಂದ ಕಾಯುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಒಳಗೊಳಗೇ ತಲೆತಲಾಂತರದಿಂದ ಕೊಟ್ಟು ತಂದುಕೊಂಡ ಜನ ನಾವು. ಹುಡುಕಿದರೆ ಸಂಬಂಧ ಸಿಗದಿರುವುದಾದರೂ ಹೇಗೆ? ದೇವಿಮನೆ ಘಟ್ಟ ಹತ್ತುವ ಮುಂಚೆ ಕತಗಾಲದಲ್ಲಿ ಚಹಾಕ್ಕೆ ನಿಂತಾಗಲೇ ಒಬ್ಬರು ಇವರ ಸೋದರತ್ತೆಯ ಮೈದುನನಾಗಿ ಮಾರ್ಪಟ್ಟರು. ಚಹಾದ ದುಡ್ಡನ್ನು ಅವರೇ ಕೊಟ್ಟದ್ದರಿಂದ ನಾನು ಆ ಅಪಶಕುನವನ್ನು ಗಮನಿಸಲಿಲ್ಲ.

ಹೋಮ್‌ಸ್ಟೇ ಚೆನ್ನಾಗಿತ್ತು. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ ಮಾಲೀಕರು ಹಳೆಯ ಮನೆಯ ಪಕ್ಕದಲ್ಲಿ, ಅಡಿಕೆ ತೋಟದ ನೆತ್ತಿಯ ಮೇಲೆ, ಕೆಲವು ಕೋಣೆಗಳನ್ನು ಕಟ್ಟಿಸಿದ್ದರು. ನಮ್ಮ ಕೋಣೆಗೆ ಸಣ್ಣ ಬಾಲ್ಕನಿ, ಬಾಲ್ಕನಿಯಲ್ಲಿ ಎರಡೇ ಕುರ್ಚಿ. ಆ ಎರಡು ಕುರ್ಚಿಗಳನ್ನು ಕಂಡು ನನಗಾದ ಸಂತೋಷವನ್ನು ಇಲ್ಲಿ ವಿವರಿಸುವುದಿಲ್ಲ. ಮಾಲೀಕರು ಶುದ್ಧ ಪೇಟೆಯ ಕನ್ನಡದಲ್ಲಿ ಆಧಾರ್ ಕೇಳಿದರು, ದಾರ ಕಟ್ಟಿದ ಬಾಲ್‌ಪೆನ್ನು ತೆಗೆದು ರಿಜಿಸ್ಟರಿನಲ್ಲಿ ಇವರ ಹೆಸರು ಬರೆದರು. ಪೆನ್ನು ವಿಳಾಸದ ಅಂಕಣಕ್ಕೆ ಬಂದಾಗ ಕುಡಿಯಲು ಏನು ಬೇಕೆಂದು ತಿಳಿಯಲು ಒಳಗಿನಿಂದ ಅವರ ತಾಯಿ ನಮ್ಮದೇ ಮಾತಿನಲ್ಲಿ, "ಆಸ್ರಿಗೆ ಎಂತ ಕೊಡಲಿ ಕೇಳು" ಎಂದು ಕೂಗಿದರು. ನಾನು ಇವರ ಕಾಲನ್ನು ತುಳಿದೆ. ಇವರು ಕಾಲನ್ನು ಹಿಂದಕ್ಕೆ ಎಳೆದುಕೊಂಡು, "ನಿಮ್ಮದು ಮೂಲ ಇದೇ ಊರಾತಾ?" ಎಂದು ಕೇಳಿಯೇಬಿಟ್ಟರು.

ಮೂಲ ಇದೇ ಊರಲ್ಲ, ಹೆಗಡೆಕಟ್ಟಾದ ಕಡೆ. ಹೆಗಡೆಕಟ್ಟಾದ ಕಡೆ ಎಂದರೆ ಯಾವ ಮನೆ? ಮೇಲಿನಮನೆ. ಮೇಲಿನಮನೆಯಿಂದ ಯಲ್ಲಾಪುರದ ಕಡೆಗೆ ಒಬ್ಬಳನ್ನು ಕೊಟ್ಟಿದ್ದರಲ್ಲ? ಕೊಟ್ಟಿದ್ದು ಹೌದು, ಅವಳು ನನ್ನ ಅಜ್ಜನ ತಂಗಿ. ಅಷ್ಟಾಗುವಾಗ ತಾಯಿಯವರೂ ಕೈ ಒರೆಸಿಕೊಳ್ಳುತ್ತ ಜಗಲಿಗೆ ಬಂದು, ಆ ತಂಗಿಯ ನಾದಿನಿಯೇ ನಮ್ಮ ಮಾವನವರ ದೊಡ್ಡಮ್ಮ ಎಂಬುದನ್ನು ಸ್ಥಾಪಿಸಿದರು. "ಹಂಗಾರೆ ನೀವು ನಮ್ಮನೆಯವ್ವೇ ಆತು!" ಎಂದು ಮಾಲೀಕರು ರಿಜಿಸ್ಟರನ್ನು ಮುಚ್ಚಿದರು. ವಿಳಾಸದ ಅಂಕಣ ಖಾಲಿಯೇ ಉಳಿಯಿತು. ನೆಂಟರ ಹತ್ತಿರ ದುಡ್ಡು ತೆಗೆದುಕೊಳ್ಳುವುದುಂಟೇ ಎಂದು ನಾವು ಕಳಿಸಿದ್ದ ಮುಂಗಡವನ್ನು ನಿಂತಲ್ಲೇ ಫೋನಿನಲ್ಲಿ ವಾಪಸು ಹಾಕಿದರು. ದುಡ್ಡಿನ ಜೊತೆಗೆ ದೂರುವ ಹಕ್ಕೂ ನಮ್ಮ ಕೈಬಿಟ್ಟಿತು.

ಸಂಜೆಗೆ ಹುಬ್ಬಳ್ಳಿಯಿಂದ ಒಂದು ಜೋಡಿ ಬಂದಿತು. ಉಳಿದ ಕೋಣೆಗಳು ಭರ್ತಿಯಾಗಿದ್ದವು. ಮಾಲೀಕರು ಸಂಕೋಚದಿಂದ ತಲೆ ಕೆರೆದುಕೊಂಡು, ನಾವು ಹೇಗೂ ಮನೆಯವರೇ ಆದ್ದರಿಂದ ಒಳಗೆ ಮಲಗಿದರೆ ಅಡ್ಡಿಯಿಲ್ಲವಲ್ಲ ಎಂದು ಕೇಳಿದರು. ಇವರು "ಅಡ್ಡಿಲ್ಲೆ, ಅಡ್ಡಿಲ್ಲೆ" ಎಂದು ನಮ್ಮ ಬ್ಯಾಗನ್ನು ತಾವೇ ಎತ್ತಿಕೊಂಡು ಹೊರಟರು. ನನ್ನ ಎರಡು ಕುರ್ಚಿಗಳಲ್ಲಿ ಹುಬ್ಬಳ್ಳಿಯವರು ಕುಳಿತರು. ನಾನು ಯಾವ ಶನಿವಾರವನ್ನು ಕಲ್ಪಿಸಿಕೊಂಡಿದ್ದೆನೋ ಅದನ್ನು ಅಕ್ಷರಶಃ ಅವರು ಅನುಭವಿಸಿದರು. ಅವರಿಗೆ ಕಷಾಯ ಹೋಯಿತು, ಹುರಿದ ಹಪ್ಪಳ ಹೋಯಿತು, ಒಂದು ಗಂಟೆ ಯಾರೂ ಅವರನ್ನು ಮಾತನಾಡಿಸಲಿಲ್ಲ. ನಾನಾದರೋ ನೆಂಟಳು. ಎಪ್ಪತ್ತು ದಾಟಿದ ಆ ತಾಯಿ ಒಬ್ಬರೇ ಅಷ್ಟು ಜನರಿಗೆ ತೆಳ್ಳೇವು ಎಂಬ ತೆಳುದೋಸೆ ಎರೆಯುತ್ತಿರುವಾಗ ನೆಂಟಳು ಬಾಲ್ಕನಿಯಲ್ಲಾಗಲಿ ಜಗಲಿಯಲ್ಲಾಗಲಿ ಕೂರುವಂತಿಲ್ಲ. ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತೆ. ಕಾಗದದಷ್ಟು ತೆಳ್ಳಗೆ ಬಂದದ್ದನ್ನೆಲ್ಲ ಹೊರಗೆ ಕಳಿಸಿ ಹರಿದವುಗಳನ್ನು ನನ್ನ ಪಾಲಿಗೆ ಇಟ್ಟುಕೊಳ್ಳುತ್ತಿರುವಾಗ, ಹುಬ್ಬಳ್ಳಿಯ ಮಹಿಳೆ ತಟ್ಟೆ ಹಿಡಿದು ಬಾಗಿಲಿಗೇ ಬಂದು, "ಅಕ್ಕಾರ, ಇನ್ನೊಂದು ಬಿಸೀದು ಹಾಕ್ರಿ" ಎಂದಳು. ಹಾಕಿದೆ. ತಿಂದು ಮುಗಿಸಿ, "ನೀವು ಇಲ್ಲೇ ಕೆಲಸಕ್ಕ ಇರ್ತೀರೇನ್ರಿ?" ಎಂದು ಬಹಳ ಪ್ರೀತಿಯಿಂದ ವಿಚಾರಿಸಿದಳು. ಜಗಲಿಯ ಮೇಲೆ ಕವಳದ ಬಟ್ಟಲು ಎದುರಿಗಿಟ್ಟುಕೊಂಡು ಕೊಳೆರೋಗ, ಮೈಲುತುತ್ತದ ದರ, ಚಾಲಿ ಅಡಿಕೆಯ ಧಾರಣೆಗಳ ಚರ್ಚೆಯಲ್ಲಿದ್ದ ನನ್ನ ಪತಿರಾಯರಿಗೆ ಇದು ಸ್ಪಷ್ಟವಾಗಿ ಕೇಳಿಸಿತು. ನಕ್ಕರು. ಕಾರವಾರದ ಸರ್ಕಾರಿ ಕಚೇರಿಯೊಂದರಲ್ಲಿ ಕುಳಿತು ಕಡತ ನೋಡುವ ಇವರಿಗೂ ಚಾಲಿಯ ಧಾರಣೆಗೂ ಇರುವ ಸಂಬಂಧವನ್ನು ಮಾತ್ರ ಯಾವ ಮೂಲದಿಂದ ಹುಡುಕಿದರೂ ಸಿಗದು.

ಭಾನುವಾರ ಉಂಚಳ್ಳಿಗೆ ಹೋಗಿ ಅಘನಾಶಿನಿ 116 ಮೀಟರ್ ಎತ್ತರದಿಂದ ಧುಮುಕುವುದನ್ನು ನೋಡಬೇಕು, ಅಲ್ಲಿಂದ ಬಂದು ಸಹಸ್ರಲಿಂಗಕ್ಕೆ ಹೋಗಬೇಕು ಎಂಬುದು ನನ್ನ ಯೋಜನೆಯಾಗಿತ್ತು. ದಾರಿ ತೋರಿಸಲು ಮಾಲೀಕರೇ ಕಾರು ಹತ್ತಿದರು. ಅವರು ತೋರಿಸಿದ ಪ್ರತಿಯೊಂದು ದಾರಿಯೂ ಯಾರದೋ ಅಂಗಳದಲ್ಲಿ ಮುಗಿಯಿತು. ಅಂಗಳದಲ್ಲಿ ಇಳಿದ ಮೇಲೆ ಆಸ್ರಿ. ಆಸ್ರಿಯಾದ ಮೇಲೆ ಬಾಳೆಹಣ್ಣು. ಬಾಳೆಹಣ್ಣಾದ ಮೇಲೆ ತೋಟ ನೋಡಿಬರುವುದು. ತೋಟದಿಂದ ಬಂದ ಮೇಲೆ ಕಾಲಿಗೆ ಹತ್ತಿದ ಉಂಬಳಕ್ಕೆ ಸುಣ್ಣ.

ಅಂಥ ಮನೆಗಳಲ್ಲೊಂದರಲ್ಲಿ ಒಬ್ಬ ದೊಡ್ಡಮ್ಮ ಮಾತ್ರ ಇದ್ದರು. ಮೆತ್ತು, ಪಡಸಾಲೆ, ಉದ್ದದ ಜಗಲಿ ಎಲ್ಲ ಇದ್ದ ದೊಡ್ಡ ಮನೆ. ಜಗಲಿಯ ಒಂದು ಕಂಬಕ್ಕೆ ಬಟ್ಟೆಯ ಚೀಲ ಕಟ್ಟಿ ಅದರೊಳಗೆ ಮೊಬೈಲನ್ನು ಇಟ್ಟಿದ್ದರು. ಸಿಗ್ನಲ್ ಸಿಗುವುದು ಆ ಕಂಬದಲ್ಲಿ ಮಾತ್ರವಂತೆ, ಬೆಂಗಳೂರಿನಿಂದ ಮಕ್ಕಳು ಕರೆದಾಗ ಕಂಬಕ್ಕೆ ಕಿವಿಗೊಟ್ಟು ನಿಂತೇ ಮಾತನಾಡಬೇಕಂತೆ. ಇವರು ಎಂದಿನಂತೆ ಶುರುಮಾಡಿದರು. ಆಕೆ ಯಾರ ಮಗಳು ಯಾರಿಗೆ ಕೊಟ್ಟದ್ದು, ಯಾವ ವರ್ಷದ ಮಳೆಗಾಲದಲ್ಲಿ ಯಾರು ಹೋದರು ಎಂದು ಒಂದೂ ತಪ್ಪದೆ ಹೇಳುತ್ತ ಹೋದರು. ಮಾಡಿನ ಕೆಳಗೆ ಒಂದು ಕಾಲಕ್ಕೆ ಊಟಕ್ಕೆ ಕೂರುತ್ತಿದ್ದವರ ಹೆಸರುಗಳೆಲ್ಲ ಬಂದವು. ಈಗ ಆ ಕೇರಿಯಲ್ಲಿ ಇದನ್ನು ಕೇಳುವವರು ಯಾರೂ ಇಲ್ಲವೆಂಬುದು ಅಕ್ಕಪಕ್ಕದ ಮುಚ್ಚಿದ ಬಾಗಿಲುಗಳನ್ನು ನೋಡಿದರೇ ತಿಳಿಯುತ್ತಿತ್ತು. ನಾನು ಗಡಿಯಾರ ನೋಡುವುದನ್ನು ಬಿಟ್ಟೆ. "ಊಟ ಮಾಡ್ಕ್ಯಂಡೇ ಹೋಗವು" ಎಂದು ಅವರು ಎದ್ದಾಗ, ಆಗಲೇ ಉಂಡು ಬಂದಿದ್ದೇವೆಂದು ಹೇಳುವ ಧೈರ್ಯ ನನಗೂ ಬರಲಿಲ್ಲ.

ಅಪ್ಪೆಹುಳಿ ಕುಡಿದು, ಕಾರಿನ ಡಿಕ್ಕಿಗೆ ಮೊಗೆಕಾಯಿ ತುಂಬಿಕೊಂಡು ಸಹಸ್ರಲಿಂಗ ತಲುಪುವಾಗ ಹೊತ್ತು ಮುಳುಗುತ್ತಿತ್ತು. ಸೋಂದೆಯ ಅರಸ ಸದಾಶಿವರಾಯನ ಕಾಲದಲ್ಲಿ ಶಾಲ್ಮಲೆಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು ನೀರಿಳಿದ ಮೇಲೆಯೇ ಚೆನ್ನಾಗಿ ಕಾಣುವುದು. ಅಕ್ಟೋಬರಿನ ಹೊಳೆ ಇನ್ನೂ ತುಂಬಿ ಹರಿಯುತ್ತಿತ್ತು. ಕಂಡ ಕೆಲವು ಲಿಂಗಗಳಿಗೇ ಕೈ ಮುಗಿದೆ. ಇವರು ಆ ಹೊತ್ತಿಗೆ ದಡದಲ್ಲಿ ನಿಂತಿದ್ದವರೊಬ್ಬರ ಊರು ವಿಚಾರಿಸುತ್ತಿದ್ದರು. ಉಂಚಳ್ಳಿ ಜಲಪಾತ ಈ ಸಲವೂ ನನ್ನನ್ನು ಬಿಟ್ಟೇ ಧುಮುಕಿತು.

ನಿನ್ನೆ ಸಿದ್ದಾಪುರದ ಚಿಕ್ಕಮ್ಮನ ಫೋನು ಬಂದಿತ್ತು. ಶಿರಸಿಯವರೆಗೆ ಬಂದವರಿಗೆ ಸಿದ್ದಾಪುರ ದೂರವಾಯಿತೇ ಎಂದು ಅವರು ಮುನಿಸಿಕೊಂಡಿದ್ದಾರೆ. ದೀಪಾವಳಿ ಮುಗಿದೊಡನೆ ಬರುತ್ತೇವೆಂದು ಇವರು ನನ್ನನ್ನು ಕೇಳದೆ ಒಪ್ಪಿಕೊಂಡಿದ್ದಾರೆ. ಇವತ್ತು ಬೆಳಿಗ್ಗೆ ಹೋಮ್‌ಸ್ಟೇಯ ಮಾಲೀಕರು, ಹುಬ್ಬಳ್ಳಿಯವರು ಬರೆದ ಮೆಚ್ಚುಗೆಯನ್ನು ಇವರ ಮೊಬೈಲಿಗೆ ಕಳಿಸಿದರು. ಐದು ನಕ್ಷತ್ರ ಕೊಟ್ಟು, ಬಾಲ್ಕನಿಯ ನೋಟ ಅದ್ಭುತವೆಂದೂ, ಅಡುಗೆಯ ಅಕ್ಕನ ಕೈರುಚಿ ಮರೆಯಲಾಗದೆಂದೂ, ಆದರೆ ಅಕ್ಕ ಸ್ವಲ್ಪ ನಗುತ್ತಿದ್ದರೆ ಇನ್ನೂ ಚೆನ್ನಾಗಿತ್ತೆಂದೂ ಬರೆದಿದ್ದಾರೆ. ಇವರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಆಮೇಲೆ ಕೆಳಗಿದ್ದ ಹೆಸರನ್ನು ದೊಡ್ಡದು ಮಾಡಿ ನೋಡುತ್ತ, "ಈ ಅಡ್ಡಹೆಸರಿನವರು ಹುಬ್ಬಳ್ಳಿಯವರಲ್ಲ, ಹಿಂದೆ ನಮ್ಮ ಯಲ್ಲಾಪುರದ ಕಡೆಯಿಂದ ಹೋದವರಿರಬೇಕು" ಎಂದರು.