ಕಂಟ್ರೋಲರ್ ಬೆನ್ನಿಗೆ ಎರಡು ಬಟನ್ ಹಾಕಿಕೊಂಡರೆ ಅದು ಮೋಸವಾ?

ಬೆಳಗ್ಗೆಯಿಂದ ತಲೆ ಬಿಸಿಯಾಗಿದೆ. ನಾವು ವಿಡಿಯೊ ಗೇಮ್ ಆಡುವ ಗುಂಪಿನಲ್ಲಿ ಒಬ್ಬ ಹುಡುಗ ತನ್ನ ಕಂಟ್ರೋಲರ್‌ನ, ಅಂದರೆ ಎರಡೂ ಕೈಯಲ್ಲಿ ಹಿಡಿದು ಆಡುವ ಸಾಧನದ, ಫೋಟೊ ಹಾಕಿದ್ದ. ಹಿಂಬದಿಯಲ್ಲಿ ಎರಡು ಪ್ಯಾಡಲ್, ಅಂದರೆ ಬೆನ್ನಿನ ಕಡೆಯಿಂದ ಬೆರಳಲ್ಲಿ ಒತ್ತುವ ಬಟನ್. ಮನೆಯಲ್ಲೇ ಕೂತು, ತಾನೇ ಬಿಚ್ಚಿ, ತಂತಿ ಎಳೆದು, ಬೆಸುಗೆ ಹಾಕಿ ಮಾಡಿದ್ದು. ಒಳಗಿನ ಫೋಟೊ ಕೂಡ ಇತ್ತು. ಎಂಥ ಅಚ್ಚುಕಟ್ಟು ಕೆಲಸ ಅಂತೀರಿ! ತಂತಿಗಳು ಕಂಟ್ರೋಲರ್ ನಡುಗಿಸುವ ಮೋಟರ್‌ಗೆ ತಾಗದ ಹಾಗೆ ಅಂಚಿನಗುಂಟ ಸಾಗಿವೆ, ಬೆಸುಗೆಯ ಚುಕ್ಕೆಗಳು ಸಣ್ಣಗೆ, ಹೊಳಪಾಗಿ ಕೂತಿವೆ. ನನಗಂತೂ ತುಂಬಾ ಖುಷಿಯಾಯಿತು. ಆಮೇಲೆ ಕೆಳಗಿನ ಕಾಮೆಂಟ್‌ಗಳನ್ನು ಓದಿದೆ. "ಒಳ್ಳೇ ಕಂಟ್ರೋಲರ್ ಕೆಡಿಸಿಬಿಟ್ಟೆಯಲ್ಲೋ." "ವಾರಂಟಿ ಹೋಯ್ತು." "ಇದು ಚೀಟಿಂಗ್, ಗೊತ್ತಾ?" ಇನ್ನೊಬ್ಬರು, "ದುಡ್ಡಿದ್ದರೆ ಪ್ರೋ ಕಂಟ್ರೋಲರ್ ತಗೋ, ಇಲ್ಲಾಂದ್ರೆ ಇರೋದರಲ್ಲಿ ಆಡು."

ಈ ಕೊನೆಯ ಮಾತು ನನಗೆ ಚುಚ್ಚಿದಷ್ಟು ಬೇರೆ ಯಾವುದೂ ಚುಚ್ಚಲಿಲ್ಲ. ಅದೇ ಎರಡು ಬಟನ್ ಕಂಪನಿ ಹಾಕಿ ಕೊಟ್ಟರೆ ಪ್ರೋ, ಹುಡುಗ ತಾನೇ ಹಾಕಿಕೊಂಡರೆ ಮೋಸ. ಇದು ಯಾವ ನ್ಯಾಯ?

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಕಂಟ್ರೋಲರ್ ಬಿಚ್ಚಿ ಕೂರುವವನೇ. ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಕಂಟ್ರೋಲರ್ ಕೈಗೆ ತಗೊಳ್ಳಿ. ಬಲಗೈ ಹೆಬ್ಬೆರಳು ಬಲಗಡೆಯ ಸ್ಟಿಕ್ (ಎಲ್ಲ ದಿಕ್ಕಿಗೂ ವಾಲುವ ಪುಟ್ಟ ಕಡ್ಡಿ) ಮೇಲಿರುತ್ತದೆ. ಸುತ್ತ ನೋಡುವುದು, ಗುರಿ ಹಿಡಿಯುವುದು ಎಲ್ಲ ಅದರಿಂದಲೇ. ಈಗ ಹಾರಬೇಕು. ಹಾರುವ ಬಟನ್ ಸಾಮಾನ್ಯವಾಗಿ ಎಕ್ಸ್‌ಬಾಕ್ಸ್‌ನಲ್ಲಿ ಎ, ಪ್ಲೇಸ್ಟೇಷನ್‌ನಲ್ಲಿ ಕ್ರಾಸ್. ಅದನ್ನು ಒತ್ತಬೇಕಾದ್ದೂ ಅದೇ ಹೆಬ್ಬೆರಳು. ಕೂರುವುದು, ಗುಂಡು ತುಂಬಿಕೊಳ್ಳುವುದು, ಆಯುಧ ಬದಲಿಸುವುದು, ಎಲ್ಲವೂ ಅದೇ ಹೆಬ್ಬೆರಳು. ಅಂದರೆ ಹಾರುವ ಆ ಕ್ಷಣಕ್ಕೆ ನೀವು ಗುರಿ ಬಿಡಲೇಬೇಕು. ಹೆಬ್ಬೆರಳು ಸ್ಟಿಕ್ ಬಿಟ್ಟು ಬಟನ್‌ಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಎದುರಿನವನು ಪಕ್ಕಕ್ಕೆ ಸರಿದಿರುತ್ತಾನೆ. ಅತ್ತ ನಡುಬೆರಳು, ಉಂಗುರ ಬೆರಳು, ಕಿರುಬೆರಳು ಏನು ಮಾಡುತ್ತಿವೆ? ಏನೂ ಇಲ್ಲ. ಕಂಟ್ರೋಲರ್ ಬೀಳದ ಹಾಗೆ ಹಿಡಿದುಕೊಂಡಿವೆ ಅಷ್ಟೇ. ಎರಡೂ ಕೈ ಸೇರಿ ಆರು ಬೆರಳು ಸುಮ್ನೆ ಕೂತಿವೆ, ಎರಡು ಹೆಬ್ಬೆರಳು ಒದ್ದಾಡುತ್ತಿವೆ.

ಎರಡು ಸ್ಟಿಕ್, ಬಲಗಡೆ ನಾಲ್ಕು ಬಟನ್ ಎನ್ನುವ ಈ ಜೋಡಣೆಯನ್ನು ಪ್ಲೇಸ್ಟೇಷನ್ 1997ರಲ್ಲೇ ತಂದಿತು. ಇವತ್ತಿಗೂ ಮುಖದ ಕಡೆ ಹೆಚ್ಚೇನೂ ಬದಲಾಗಿಲ್ಲ. ಆಟಗಳು ಮಾತ್ರ ಎಲ್ಲಿಂದ ಎಲ್ಲಿಗೋ ಹೋದವು. ಓಡುತ್ತಾ ಜಾರುವುದು, ಜಾರುತ್ತಾ ಹಾರುವುದು, ಹಾರುತ್ತಾ ತಿರುಗಿ ಗುಂಡು ಹೊಡೆಯುವುದು, ಇವೆಲ್ಲ ಈಗ ಮಾಮೂಲು. ಇದನ್ನೆಲ್ಲ ಒಂದು ಹೆಬ್ಬೆರಳಿನ ಮೇಲೆ ಹೇರಿದ್ದಾರೆ. ಕೆಳಬದಿಯಲ್ಲಿ ಬಟನ್ ಇಡುವ ಯೋಚನೆಯೇನೂ ಹೊಸದಲ್ಲ. 1996ರ ನಿಂಟೆಂಡೊ 64 ಕಂಟ್ರೋಲರ್‌ನ ಅಡಿಯಲ್ಲಿ ತೋರುಬೆರಳಿಗೆ ಸಿಗುವ ಝೆಡ್ ಬಟನ್ ಇತ್ತು. ಅದನ್ನು ಯಾರೂ ಮೋಸ ಅನ್ನಲಿಲ್ಲ, ಅಲ್ವಾ?

ಮೈಕ್ರೋಸಾಫ್ಟ್ 2015ರಲ್ಲಿ ಎಕ್ಸ್‌ಬಾಕ್ಸ್ ಎಲೀಟ್ ಕಂಟ್ರೋಲರ್ ತಂದಿತು. ಹಿಂಬದಿಯಲ್ಲಿ ನಾಲ್ಕು ಪ್ಯಾಡಲ್. ಸೋನಿ 2020ರ ಜನವರಿಯಲ್ಲಿ ಪ್ಲೇಸ್ಟೇಷನ್ 4ರ ಕಂಟ್ರೋಲರ್ ಆದ ಡ್ಯುಯಲ್‌ಶಾಕ್ 4ಕ್ಕೆ ಸಿಕ್ಕಿಸುವ ಬ್ಯಾಕ್ ಬಟನ್ ಅಟ್ಯಾಚ್‌ಮೆಂಟ್ ತಂದಿತು. ಚಿಕ್ಕ ವಸ್ತು, ಎರಡು ಬಟನ್, ದೊಡ್ಡ ಬೆಲೆಯೂ ಅಲ್ಲ. ನಾನು ಖುಷಿಪಟ್ಟಿದ್ದೆ, ಇನ್ನು ಇದು ಎಲ್ಲರಿಗೂ ಸಿಗುತ್ತದೆ ಅಂತ. ಅದೇ ವರ್ಷದ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ 5ರ ಕಂಟ್ರೋಲರ್ ಡ್ಯುಯಲ್‌ಸೆನ್ಸ್ ಬಂತು. ಅದರಲ್ಲಿ ಹಿಂದಿನ ಬಟನ್ ಇಲ್ಲ, ಆ ಅಟ್ಯಾಚ್‌ಮೆಂಟ್ ಸಿಕ್ಕಿಸುವ ಪೋರ್ಟ್ ಕೂಡ ಇಲ್ಲ. ಆಮೇಲೆ 2023ರ ಜನವರಿಯಲ್ಲಿ ಡ್ಯುಯಲ್‌ಸೆನ್ಸ್ ಎಡ್ಜ್ ಬಂತು. ಹಿಂದೆ ಎರಡು ಬಟನ್ ಇದೆ. ಬೆಲೆ ಸಾಧಾರಣ ಕಂಟ್ರೋಲರ್‌ನ ಸುಮಾರು ಮೂರು ಪಟ್ಟು. ಎಡ್ಜ್‌ನಲ್ಲಿ ಬದಲಾಯಿಸಬಹುದಾದ ಸ್ಟಿಕ್ ಇದೆ, ತೋರುಬೆರಳಲ್ಲಿ ಎಳೆಯುವ ಟ್ರಿಗರ್ ಎಷ್ಟು ಒಳಗೆ ಹೋಗಬೇಕು ಅಂತ ಹೊಂದಿಸುವ ಸೌಲಭ್ಯ ಇದೆ, ಅವೆಲ್ಲ ನಿಜ. ಆದರೆ ಅವು ಬೇಡ, ಎರಡು ಬಟನ್ ಮಾತ್ರ ಸಾಕು ಅನ್ನುವವನು ಎಲ್ಲಿಗೆ ಹೋಗಬೇಕು?

ಪೇಟೆಂಟ್ ಕಥೆಯೂ ಇದೆ. ಸ್ಕಫ್ ಅನ್ನುವ ಬ್ರ್ಯಾಂಡಿನ ಕಂಟ್ರೋಲರ್‌ಗಳ ಹಿಂದಿರುವ ಐರನ್‌ಬರ್ಗ್ ಇನ್ವೆನ್ಷನ್ಸ್ ಕಂಪನಿ ಹಿಂಬದಿಯ ಬಟನ್‌ಗಳ ಪೇಟೆಂಟ್ ಇಟ್ಟುಕೊಂಡು ವಾಲ್ವ್ ಅನ್ನುವ ಗೇಮ್ ಕಂಪನಿ ಮೇಲೆ ಕೇಸ್ ಹಾಕಿತು. ವಾಲ್ವ್ ತಂದಿದ್ದ ಸ್ಟೀಮ್ ಕಂಟ್ರೋಲರ್ ವಿಷಯದಲ್ಲಿ. 2021ರಲ್ಲಿ ಅಮೆರಿಕದ ಜ್ಯೂರಿ 40 ಲಕ್ಷ ಡಾಲರ್‌ಗೂ ಜಾಸ್ತಿ ಪರಿಹಾರ ಕೊಡಬೇಕು ಅಂದಿತು. ಪೇಟೆಂಟ್ ಇಟ್ಟುಕೊಂಡವರ ಹಕ್ಕಿನ ಬಗ್ಗೆ ನಾನಿಲ್ಲಿ ಜಗಳ ಮಾಡುತ್ತಿಲ್ಲ. ಈ ಎರಡು ಬಟನ್‌ಗೆ ಎಷ್ಟು ಬೆಲೆಯಿದೆ ಅನ್ನುವುದು ಆ ತೀರ್ಪಿನಿಂದಲೇ ಗೊತ್ತಾಗುತ್ತದೆ. ಹಾಗಿರುವಾಗ ಒಬ್ಬ ಹುಡುಗ ತನ್ನ ಕೈಯಾರೆ ಅದನ್ನು ಮಾಡಿಕೊಂಡ ಅಂದರೆ ಬೆನ್ನು ತಟ್ಟಬೇಕು.

ಒಳಗೆ ಏನು ನಡೆಯುತ್ತದೆ ಅಂತ ಗೊತ್ತಾದರೆ ಚೀಟಿಂಗ್ ಅನ್ನುವ ಮಾತೇ ಬರುವುದಿಲ್ಲ. ಎ ಬಟನ್ ಒತ್ತಿದಾಗ ಅದರ ಕೆಳಗಿನ ರಬ್ಬರ್ ತಗ್ಗುತ್ತದೆ. ರಬ್ಬರ್ ತಳದಲ್ಲಿ ಒಂದು ಕಪ್ಪು ಕಾರ್ಬನ್ ತುಂಡು ಇರುತ್ತದೆ. ಅದು ಸರ್ಕ್ಯೂಟ್ ಬೋರ್ಡ್ ಮೇಲೆ ಬೇರೆಬೇರೆಯಾಗಿರುವ ಎರಡು ಗೆರೆಗಳನ್ನು ಸೇರಿಸುತ್ತದೆ. ಸೇರಿತು ಅಂದರೆ ಒತ್ತಿದ ಹಾಗೆ. ಪ್ಯಾಡಲ್ ಮಾಡುವಾಗ ನಾವು ಆ ಎರಡೇ ಗೆರೆಗಳಿಗೆ ಸೇರಿದ ಜಾಗದಿಂದ ಎರಡು ತಂತಿ ಎಳೆದು, ಹಿಂಬದಿಯಲ್ಲಿ ಒಂದು ಪುಟ್ಟ ಟ್ಯಾಕ್ಟ್ ಸ್ವಿಚ್‌ಗೆ (ಒತ್ತಿದರೆ ಟಿಕ್ ಅನ್ನುವ ಗುಂಡಿ) ಸೇರಿಸುತ್ತೇವೆ. ಮುಂದಿನ ಬಟನ್ ಒತ್ತಿದರೂ ಅದೇ ಸರ್ಕ್ಯೂಟ್, ಹಿಂದಿನದು ಒತ್ತಿದರೂ ಅದೇ ಸರ್ಕ್ಯೂಟ್. ಆಟಕ್ಕೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಒಂದು ಸಲ ಒತ್ತಿದರೆ ಒಂದು ಸಲ ಹಾರುತ್ತದೆ. ತಾನಾಗಿ ಗುರಿ ಹಿಡಿಯುವುದಿಲ್ಲ, ತಾನಾಗಿ ಗುಂಡು ಹಾರಿಸುವುದಿಲ್ಲ.

ಒಂದು ಸಲ ಒತ್ತಿದರೆ ಹತ್ತು ಸಲ ಗುಂಡು ಹಾರಿಸುವ ಚಿಪ್‌ಗಳಿವೆ. ಬಂದೂಕು ಮೇಲಕ್ಕೆ ಎಗರುವುದನ್ನು ತಾನೇ ಸರಿಮಾಡುವ ಕ್ರೋನಸ್ ಝೆನ್‌ನಂಥ ಸಾಧನಗಳಿವೆ. ಅವನ್ನು ನಾನೂ ಮೋಸ ಅಂತಲೇ ಹೇಳುತ್ತೇನೆ, ಜೋರಾಗಿ ಹೇಳುತ್ತೇನೆ. ಅಲ್ಲಿ ಆಡುತ್ತಿರುವುದು ಪ್ರೋಗ್ರಾಂ. ಇಲ್ಲಿ ಆಡುತ್ತಿರುವುದು ಬೆರಳು. ಇವೆರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಬಯ್ಯುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

"ಸೆಟ್ಟಿಂಗ್ಸ್‌ನಲ್ಲಿ ಬಟನ್ ಬದಲಾಯಿಸಿಕೊಳ್ಳಬಹುದಲ್ಲ, ಬಿಚ್ಚುವುದು ಯಾಕೆ" ಅಂತ ಕೆಲವರು ಸಮಾಧಾನವಾಗಿ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಹೇಲೋ ಆಟಗಳಲ್ಲಿ ಬಂಪರ್ ಜಂಪರ್ ಅಂತ ಒಂದು ಜೋಡಣೆ ಇದೆ. ಹಾರುವುದು ಎಡಗಡೆಯ ಬಂಪರ್‌ಗೆ, ಅಂದರೆ ತೋರುಬೆರಳಿಗೆ ಸಿಗುವ ಮೇಲಂಚಿನ ಬಟನ್‌ಗೆ, ಹೋಗುತ್ತದೆ, ಹೆಬ್ಬೆರಳು ಸ್ಟಿಕ್ ಬಿಡಬೇಕಾಗಿಲ್ಲ. ಕಾಲ್ ಆಫ್ ಡ್ಯೂಟಿಯಲ್ಲಿ ಟ್ಯಾಕ್ಟಿಕಲ್ ಜೋಡಣೆ ಹಾಕಿಕೊಂಡರೆ ಸ್ಟಿಕ್ ಒತ್ತಿಯೇ ಕೂರಬಹುದು. ಚೆನ್ನಾಗಿವೆ. ಆದರೆ ಬಂಪರ್‌ನಲ್ಲಿ ಮೊದಲಿದ್ದ ಕೆಲಸ ಎಲ್ಲಿಗೆ ಹೋಯಿತು? ಮುಖದ ಬಟನ್‌ಗೆ, ಅಂದರೆ ಮತ್ತೆ ಹೆಬ್ಬೆರಳಿಗೆ. ಸೆಟ್ಟಿಂಗ್ಸ್ ಕೆಲಸವನ್ನು ಅದಲುಬದಲು ಮಾಡುತ್ತದೆ, ಹೊಸ ಬೆರಳನ್ನು ಕೆಲಸಕ್ಕೆ ಹಚ್ಚುವುದಿಲ್ಲ. ಇನ್ನು ಕೆಲವರು ತೋರುಬೆರಳನ್ನು ಕೊಕ್ಕೆಯ ಹಾಗೆ ಬಗ್ಗಿಸಿ ಮುಖದ ಬಟನ್ ಒತ್ತುತ್ತಾರೆ. ಕ್ಲಾ ಅಂತಾರೆ ಅದಕ್ಕೆ. ಅದನ್ನು ಯಾರೂ ಮೋಸ ಅನ್ನುವುದಿಲ್ಲ. ಕೈ ತಿರುಚಿಕೊಂಡು ಆಡಿದರೆ ಸರಿ, ಆರಾಮಾಗಿ ಆಡಿದರೆ ತಪ್ಪು ಅಂತಾಯಿತು ಇವರ ಲೆಕ್ಕ.

ಇದನ್ನು ನಾನು ಇಲ್ಲಿ ಯಾವತ್ತೂ ಬರೆದಿರಲಿಲ್ಲ. ನನ್ನ ಬಲಗೈ ಹೆಬ್ಬೆರಳಿನ ಬುಡ ನೋಯುತ್ತದೆ. ಹಗಲೆಲ್ಲ ಫೋನು, ಕೀಬೋರ್ಡು, ರಾತ್ರಿ ಕಂಟ್ರೋಲರ್. ಸ್ಟಿಕ್‌ನಿಂದ ಬಟನ್‌ಗೆ ಹೋಗಿ ಬರುವ ಆ ಚಲನೆಯೇ ನನಗೆ ಆಗುವುದಿಲ್ಲ. ಕ್ಲಾ ಹಿಡಿದರೆ ನೋವು ತೋರುಬೆರಳಿಗೂ ಹಬ್ಬುತ್ತದೆ. ಒಂದು ಹಂತದಲ್ಲಿ ಆಡುವುದನ್ನೇ ಬಿಟ್ಟುಬಿಡೋಣ ಅನ್ನಿಸಿತ್ತು. ಯಾರಿಗೂ ಹೇಳಲಿಲ್ಲ, ಆಟಕ್ಕೋಸ್ಕರ ಇಷ್ಟು ಬೇಜಾರಾ ಅಂತ ಕೇಳುತ್ತಾರೆ ಅಂತ. ಗೆಳೆಯರ ಜೊತೆ ವಾರದಲ್ಲಿ ಮಾತು ಆಡುವುದೇ ಆ ಆಟದ ನೆಪದಲ್ಲಿ, ಅದೂ ಹೋದರೆ ಏನು ಉಳಿಯುತ್ತದೆ? ಪ್ಯಾಡಲ್ ಬಂದಮೇಲೆ ಹಾರುವುದು, ಕೂರುವುದು ಎರಡೂ ನಡುಬೆರಳುಗಳಿಗೆ ಹೋದವು. ಹೆಬ್ಬೆರಳು ಸ್ಟಿಕ್ ಮೇಲೆ ನೆಮ್ಮದಿಯಾಗಿದೆ. ನನ್ನ ಅಂಕ ಏನೂ ಏರಿಲ್ಲ. ನಾನು ಇನ್ನೂ ಆಡುತ್ತಿದ್ದೇನೆ, ಅಷ್ಟು ಸಾಕು. ಹೊಲಿಸಿದ ಅಂಗಿಯ ತೋಳು ಉದ್ದವಾದರೆ ಮಡಚಿ ಹೊಲಿಸಿಕೊಳ್ಳುತ್ತೇವಲ್ಲ, ಇದೂ ಅಷ್ಟೇ.

ಬೆನ್ ಹೆಕೆನ್‌ಡಾರ್ನ್ ಅಂತ ಒಬ್ಬರಿದ್ದಾರೆ, ಬೆನ್ ಹೆಕ್ ಅಂತಲೇ ಹೆಸರು. ಒಂದೇ ಕೈಯಲ್ಲಿ ಆಡುವವರಿಗಾಗಿ ಕಂಟ್ರೋಲರ್ ಬಿಚ್ಚಿ, ಬಟನ್‌ಗಳನ್ನು ಒಂದೇ ಕಡೆಗೆ ತಂದು ಕೊಟ್ಟವರು. ಅವರು ಮಾಡಿದ್ದೂ ಇದೇ ತಂತಿ, ಇದೇ ಬೆಸುಗೆ. ಮೈಕ್ರೋಸಾಫ್ಟ್ 2018ರಲ್ಲಿ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ತಂದಾಗ ಅದರ ಹಿಂದೆ 3.5 ಎಂಎಂ ಜಾಕ್‌ಗಳು 19 ಇದ್ದವು. ಒಂದೊಂದು ಜಾಕ್‌ಗೂ ಬೇಕಾದ ಸ್ವಿಚ್ ಸಿಕ್ಕಿಸಿ, ಮೊಣಕೈಯಿಂದಲೋ ಕಾಲಿನಿಂದಲೋ ಒತ್ತಬಹುದು. ಬಟನ್ ಎಲ್ಲಿರಬೇಕು ಅನ್ನುವುದನ್ನು ಆಡುವವರ ದೇಹ ತೀರ್ಮಾನಿಸುತ್ತದೆ ಅಂತ ದೊಡ್ಡ ಕಂಪನಿಯೇ ಒಪ್ಪಿಕೊಂಡಿದೆ. ನಮ್ಮ ಗುಂಪಿನವರು ಮಾತ್ರ ಒಪ್ಪುತ್ತಿಲ್ಲ.

ವಾರಂಟಿ? ಸರಿ, ಮನೆಯಲ್ಲಿ ಬೆಸುಗೆ ಹಾಕಿದ ಬೋರ್ಡನ್ನು ಯಾವ ಕಂಪನಿಯೂ ಬಿಟ್ಟಿ ರಿಪೇರಿ ಮಾಡಿಕೊಡಲಿಕ್ಕಿಲ್ಲ. ಹಾಗಾದರೆ ವಾರಂಟಿ ಮುಗಿದ ಹಳೆಯ ಕಂಟ್ರೋಲರ್‌ಗೆ ಮಾಡಿ. ಬಿಚ್ಚುವುದೇ ಅಪರಾಧ ಅನ್ನುವವರಿಗೆ ಇನ್ನೊಂದು ಮಾತು: ಮೈಕ್ರೋಸಾಫ್ಟ್ 2023ರಿಂದ ಎಕ್ಸ್‌ಬಾಕ್ಸ್ ಕಂಟ್ರೋಲರ್‌ನ ಬಿಡಿಭಾಗಗಳನ್ನೇ ಮಾರುತ್ತಿದೆ, ಮನೆಯಲ್ಲಿ ರಿಪೇರಿ ಮಾಡಿಕೊಳ್ಳಲಿ ಅಂತ.

ಆದರೆ ಇದು ಹುಡುಗಾಟದ ಕೆಲಸವಲ್ಲ. ಆ ಹುಡುಗನನ್ನು ನಾನು ಮೆಚ್ಚುವುದೂ ಅದಕ್ಕೇ. ಎಕ್ಸ್‌ಬಾಕ್ಸ್ ಕಂಟ್ರೋಲರ್ ಆದರೆ ಹಿಡಿಕೆಯ ಪಕ್ಕದ ಮುಚ್ಚಳ ಎಬ್ಬಿಸಬೇಕು, ಮಧ್ಯೆ ತೂತಿರುವ ಟಿ8 ಸೆಕ್ಯುರಿಟಿ ಬಿಟ್ ಬೇಕು. ಐದನೆಯ ಸ್ಕ್ರೂ ಬ್ಯಾಟರಿ ಜಾಗದ ಸ್ಟಿಕ್ಕರ್ ಕೆಳಗೆ ಅಡಗಿರುತ್ತದೆ. ಅದು ಗೊತ್ತಿಲ್ಲದೆ ಎಳೆದರೆ ಕವಚ ಒಡೆಯುತ್ತದೆ. ಪ್ಲೇಸ್ಟೇಷನ್ ಕಂಟ್ರೋಲರ್‌ನಲ್ಲಿ ಒಳಗೆ ಲಿಥಿಯಂ ಬ್ಯಾಟರಿ ಇದೆ, ಬೇರೆ ಕೆಲಸಕ್ಕೆ ಮೊದಲು ಅದನ್ನು ಕಳಚಿ ದೂರ ಇಡಬೇಕು. ಕಾರ್ಬನ್ ಪ್ಯಾಡ್ ಮೇಲೆ ಬೆಸುಗೆ ಕೂರುವುದಿಲ್ಲ. ಡ್ಯುಯಲ್‌ಶಾಕ್ 4, ಡ್ಯುಯಲ್‌ಸೆನ್ಸ್‌ಗಳಲ್ಲಿ ಬಟನ್‌ನ ಗೆರೆಗಳು ತೆಳು ಪ್ಲಾಸ್ಟಿಕ್ ಹಾಳೆಯ ಮೇಲಿವೆ, ಅಲ್ಲಿ ಬೆಸುಗೆಯ ಬಿಸಿ ಐರನ್ ಇಟ್ಟರೆ ಹಾಳೆ ಕರಗಿಹೋಗುತ್ತದೆ. ಬೋರ್ಡ್ ಮೇಲಿನ ಟೆಸ್ಟ್ ಪಾಯಿಂಟ್ (ತಂತಿ ಬೆಸೆಯಬಹುದಾದ ಪುಟ್ಟ ಲೋಹದ ಚುಕ್ಕೆ) ಹುಡುಕಬೇಕು, ಮಲ್ಟಿಮೀಟರ್ ಹಿಡಿದು ಯಾವುದು ಯಾವುದಕ್ಕೆ ಸೇರಿದೆ ಅಂತ ಖಚಿತ ಮಾಡಿಕೊಳ್ಳಬೇಕು. ತಂತಿ 30 ಗೇಜ್‌ನಷ್ಟು ತೆಳುವಿರಲಿ. ದಪ್ಪ ತಂತಿ ಪ್ಯಾಡನ್ನೇ ಕಿತ್ತುಕೊಂಡು ಬರುತ್ತದೆ. ಬೆಸುಗೆ ಚೆನ್ನಾಗಿ ಹಿಡಿಯಲಿ ಅಂತ ಫ್ಲಕ್ಸ್ ಪೇಸ್ಟ್ ಹಚ್ಚಿ, ಐರನ್ ತಾಗಿಸಿ, ತಕ್ಷಣ ತೆಗೆಯಿರಿ. ತವರ 63, ಸೀಸ 37 ಪಾಲು ಬೆರೆತ 63/37 ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಹೊಸಬರಿಗೆ ಸುಲಭ. ಕಿಟಕಿ ತೆರೆದಿಡಿ, ಮುಗಿದ ಮೇಲೆ ಕೈ ತೊಳೆಯಿರಿ.

ಸ್ವಿಚ್ ಆರಿಸುವುದರಲ್ಲಿ ಜನ ಎಡವುವುದು ಜಾಸ್ತಿ. ತೀರಾ ಮೆದು ಸ್ವಿಚ್ ಹಾಕಿದರೆ ಆಟ ಬಿಗಿಯಾದಾಗ ಕೈ ತಾನಾಗಿ ಬಿಗಿಯುತ್ತದೆ, ಬೇಡದಿದ್ದರೂ ಹಾರಿಬಿಡುತ್ತದೆ. ತೀರಾ ಗಟ್ಟಿಯಾದರೆ ಒತ್ತುವಾಗ ಕಂಟ್ರೋಲರ್ ಅಲ್ಲಾಡಿ ಗುರಿ ತಪ್ಪುತ್ತದೆ. 160 ಗ್ರಾಂ ಒತ್ತಡದ 6 ಎಂಎಂ ಸ್ವಿಚ್ ನನಗೆ ಹಿಡಿಸಿದೆ, ಆದರೆ ನಿಮ್ಮ ಕೈ ಬೇರೆ. ತೂತು ಕೊರೆಯುವ ಮೊದಲು ಕಣ್ಣು ಮುಚ್ಚಿ ಆಡುವ ಹಾಗೆ ಹಿಡಿಯಿರಿ. ನಡುಬೆರಳ ತುದಿ ಎಲ್ಲಿ ಕೂರುತ್ತದೋ ಅಲ್ಲೇ ಗುರುತು ಹಾಕಿ. ಒಳಗೆ ಮೋಟರ್ ಇರುವ ಜಾಗ ನೋಡಿಕೊಳ್ಳಿ. ಜಾಗ ಸಾಲದು ಅಂತ ಕೆಲವರು ಆ ಮೋಟರ್‌ನ್ನೇ ಕಿತ್ತುಹಾಕುತ್ತಾರೆ. ನನಗೆ ಅದು ಇಷ್ಟವಿಲ್ಲ, ಕಂಟ್ರೋಲರ್ ಕೈಯಲ್ಲಿ ನಡುಗದಿದ್ದರೆ ಆಟದ ಅರ್ಧ ಜೀವವೇ ಹೋದಂತೆ.

ಆ ಹುಡುಗನ ಫೋಟೊ ಕೆಳಗೆ ನಾನು ಇಷ್ಟೇ ಬರೆದು ಬಂದಿದ್ದೇನೆ: "ತುಂಬಾ ಚೆನ್ನಾಗಿದೆ. ತಂತಿ ಎಳೆದಾಡದ ಹಾಗೆ ಬುಡದಲ್ಲಿ ಒಂದು ಹನಿ ಹಾಟ್ ಗ್ಲೂ ಹಾಕಿಬಿಡಪ್ಪ." ನೀವೂ ಮಾಡಬೇಕು ಅಂತಿದ್ದರೆ ಪ್ಯಾಡಲ್ ಕಿಟ್ ಕೊಳ್ಳುವ ಮೊದಲು ಬಿಚ್ಚಿ, ಬೋರ್ಡ್ ಮೇಲೆ ಅಚ್ಚಾದ ನಂಬರ್ ನೋಡಿ. ಡ್ಯುಯಲ್‌ಸೆನ್ಸ್‌ನಲ್ಲಿ ಬಿಡಿಎಂ ಅಂತ ಶುರುವಾಗುತ್ತದೆ, ಡ್ಯುಯಲ್‌ಶಾಕ್ 4ರಲ್ಲಿ ಜೆಡಿಎಂ ಅಂತ. ಒಂದೇ ಹೆಸರಿನ ಕಂಟ್ರೋಲರ್‌ನಲ್ಲೂ ಬೋರ್ಡ್ ಬೇರೆಬೇರೆ ಇರುತ್ತದೆ, ಒಂದರ ಕಿಟ್ ಇನ್ನೊಂದಕ್ಕೆ ಹೊಂದುವುದಿಲ್ಲ. ಗೊತ್ತಾಗದಿದ್ದರೆ ಬೋರ್ಡ್‌ನ ಎರಡೂ ಬದಿಯ ಫೋಟೊ ಇಲ್ಲೇ ಕಾಮೆಂಟ್‌ನಲ್ಲಿ ಹಾಕಿ. ಎಲ್ಲಿಗೆ ತಂತಿ ಹಾಕಬೇಕು ಅಂತ ಗುರುತು ಮಾಡಿ ಕಳಿಸುತ್ತೇನೆ.