ಹಳೆಯ ಸೀರೆಯ ಇಳಿವಯಸ್ಸು

ಹೊಸ ಸೀರೆಯ ಬಗ್ಗೆ ಮಾತನಾಡಲು ನಮ್ಮಲ್ಲಿ ಎಲ್ಲರಿಗೂ ಬಾಯಿಯಿದೆ. ಅಂಚು, ಸೆರಗು, ಒಡಲಿನ ಬಣ್ಣ, ಜರಿಯ ಹೊಳಪು ಎಂದು ಮದುವೆ ಮನೆಯ ಒಂದು ಇಡೀ ಮಧ್ಯಾಹ್ನವನ್ನು ಅದರ ಮೇಲೆ ಕಳೆಯಬಹುದು. ಅದೇ ಸೀರೆ ಹಳೆಯದಾಗಿ, ನೆರಿಗೆಯ ಜಾಗದಲ್ಲಿ ಪಿಸಿದು, ನಾಲ್ಕು ಜನರೆದುರು ಉಡಲು ಬಾರದಂತಾದ ಮೇಲೆ ಅದರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಸೀರೆಯ ಉದ್ಯೋಗಪರ್ವ ಆರಂಭವಾಗುವುದೇ ಅಲ್ಲಿಂದ ಎಂದು ನನ್ನ ಅನಿಸಿಕೆ.

ಹತ್ತಿಯ ಸೀರೆಯೊಂದು ಮನೆಯೊಳಗೆ ಇಳಿದು ಹೋಗುತ್ತಿದ್ದ ದಾರಿಗೆ ಮೆಟ್ಟಿಲುಗಳಿದ್ದವು. ಹೊರಗೆ ಉಡುವ ಸೀರೆ ಮೊದಲು ಅಡುಗೆಮನೆಯಲ್ಲಿ ಉಡುವ ಸೀರೆಯಾಗುತ್ತಿತ್ತು. ಆಮೇಲೆ ಅದರ ಗಟ್ಟಿಯಾದ ಭಾಗ ಹುಡುಗಿಯರ ಲಂಗವಾಗಿ, ಮೆತ್ತಗಾದ ಭಾಗ ಬಾಣಂತಿಯ ಕೋಣೆ ಸೇರಿ ಜೋಲಿಯೋ ಕೂಸಿನ ಹಾಸೋ ಆಗುತ್ತಿತ್ತು. ಹುಟ್ಟಿದ ಮಗುವಿನ ಮೈಗೆ ಹೊಸ ಬಟ್ಟೆಯನ್ನು ತಾಗಿಸದೆ, ಒಗೆದೊಗೆದು ಗಂಜಿಯೆಲ್ಲ ಬಿಟ್ಟುಹೋದ ಹಳೆಯ ಬಟ್ಟೆಯನ್ನೇ ಸುತ್ತುವ ಮನೆಗಳು ಈಗಲೂ ಇವೆ. ಬೇಸಿಗೆ ಬಂದರೆ ಅದೇ ಸೀರೆ ಮಾಳಿಗೆಯೇರಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರಿಸಿಕೊಂಡು, ಮೈತುಂಬ ಸಂಡಿಗೆ ಹೊತ್ತು ಮಲಗುತ್ತಿತ್ತು. ಸಂಡಿಗೆ ಒಣಗಿದ ಮೇಲೆ ಬಟ್ಟೆಯನ್ನು ಮಗುಚಿ, ಹಿಂಭಾಗಕ್ಕೆ ನೀರು ಚಿಮುಕಿಸಿ, ಒಂದೊಂದನ್ನೇ ಮುರಿಯದಂತೆ ಬಿಡಿಸುವ ಉಪಾಯವು ನೀರನ್ನು ತನ್ನೊಳಗೆ ಬಿಟ್ಟುಕೊಳ್ಳುವ ಹತ್ತಿಗೆ ಮಾತ್ರ ಒಗ್ಗುವಂಥದ್ದು. ಮುಂದಿನ ಮೆಟ್ಟಿಲುಗಳು ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ, ನೆಲ ಒರೆಸುವ ಬಟ್ಟೆ, ಸೈಕಲ್ಲಿನ ಚೈನು ಒರೆಸುವ ಚಿಂದಿ, ಕಟ್ಟಕಡೆಗೆ ಬಚ್ಚಲೊಲೆಯ ಬೆಂಕಿ. ಪ್ರತಿ ಮೆಟ್ಟಿಲಿನಲ್ಲಿಯೂ ಅದಕ್ಕಾಗಿ ಕಾದು ನಿಂತವರೊಬ್ಬರು ಇರುತ್ತಿದ್ದರು.

ನಡುವಿನ ಒಂದು ಮೆಟ್ಟಿಲಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಅಲ್ಲಿ ಕೌದಿ ಎಂಬ ಹೊದಿಕೆ ಇದೆ. ಧಾರವಾಡ, ವಿಜಯಪುರ, ಬಾಗಲಕೋಟೆಯ ಕಡೆ ಹಳೆಯ ಸೀರೆ, ಧೋತರ, ಕುಬಸಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ಸಾಲು ಸಾಲಾಗಿ ದಾರ ಎಳೆದು ಹೊಲಿಯುತ್ತಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯಲ್ಲಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರದು ಬೇರೆಯೇ ಕ್ರಮ: ಅವರು ಅಂಚಿನಿಂದ ಹೊಲಿಗೆ ಹಿಡಿದು, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ, ಮೂಲೆಗಳಿಗೆ ಹೂವೆಂದು ಮಡಿಚಿದ ಬಟ್ಟೆಯ ತುಂಡುಗಳನ್ನು ಕೂಡಿಸುತ್ತಾರೆ. ಈ ಹೂವಿನಿಂದ ಚಳಿಯೇನೂ ಕಡಿಮೆಯಾಗುವುದಿಲ್ಲ. ಆದರೂ ಅದಿಲ್ಲದಿದ್ದರೆ ಕೌದಿ ಪೂರ್ತಿಯಾದಂತೆ ಅವರಿಗೆ ಅನ್ನಿಸುವುದಿಲ್ಲ. ಮಿತವ್ಯಯವೆಂದರೆ ಅಂದಗೇಡಿಯಾಗಿಯೇ ಇರಬೇಕೆಂದು ತಿಳಿದವರು ಇದನ್ನೊಮ್ಮೆ ನೋಡಬೇಕು. ಕೌದಿಯನ್ನು ಹಾಡಿ ಹೊಗಳುವ ಉತ್ಸಾಹದಲ್ಲಿ ಒಂದನ್ನು ಮರೆಯುವುದೂ ಸರಿಯಲ್ಲ. ಅದು ಹುಟ್ಟಿದ್ದು ಪರಿಸರದ ಕಾಳಜಿಯಿಂದಲ್ಲ, ಹೊಸ ಹೊದಿಕೆ ಕೊಳ್ಳಲು ದುಡ್ಡಿಲ್ಲದ ಮನೆಗಳಲ್ಲಿ. ಹೊಲಿದವರು ಮಧ್ಯಾಹ್ನದ ನಿದ್ದೆ ಬಿಟ್ಟು, ಬೆರಳಿಗೆ ಸೂಜಿ ಚುಚ್ಚಿಸಿಕೊಂಡು, ಬಿಡಿಗಾಸಿಲ್ಲದೆ ದುಡಿದ ಹೆಂಗಸರು. ಇಂದು ಅದೇ ಕೌದಿ ನಗರದ ಮಳಿಗೆಗಳಲ್ಲಿ ಒಳ್ಳೆಯ ರೇಷ್ಮೆ ಸೀರೆಯಷ್ಟು ಬೆಲೆ ಹಚ್ಚಿಕೊಂಡು ತೂಗುತ್ತಿದ್ದರೆ, ಆ ದುಡ್ಡಿನಲ್ಲಿ ಹೊಲಿದವಳ ಪಾಲೆಷ್ಟು ಎಂದು ಕೇಳುವುದು ಕೊಳ್ಳುವವರಿಗೆ ಅಪಮಾನವೇನಲ್ಲ.

ಬಟ್ಟೆಯನ್ನು ಹೀಗೆ ಇಳಿಸುತ್ತ ಹೋಗುವ ಬುದ್ಧಿ ನಮ್ಮ ಅಜ್ಜಿಯರಿಗಿಂತ ಬಹಳ ಹಳೆಯದು. ಬೌದ್ಧ ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿ ಒಂದು ಪ್ರಸಂಗ ಬರುತ್ತದೆ. ಕೌಶಾಂಬಿಯ ಉದಯನ ರಾಜನ ಅಂತಃಪುರದ ಸ್ತ್ರೀಯರು ಬುದ್ಧನ ಶಿಷ್ಯ ಆನಂದನಿಗೆ ಐನೂರು ವಸ್ತ್ರಗಳನ್ನು ಕೊಟ್ಟುಬಿಡುತ್ತಾರೆ. ಈ ಸನ್ಯಾಸಿ ಜವಳಿ ಅಂಗಡಿ ಇಡುತ್ತಾನೋ ಹೇಗೆ ಎಂದು ಸಂಶಯಪಟ್ಟ ರಾಜ, ಇಷ್ಟನ್ನು ಏನು ಮಾಡುತ್ತೀರಿ ಎಂದು ಕೇಳುತ್ತಾನೆ. ಚೀವರ, ಅಂದರೆ ಉಡುವ ಬಟ್ಟೆ, ಹರಿದ ಭಿಕ್ಷುಗಳಿಗೆ ಹಂಚುತ್ತೇವೆ ಎನ್ನುತ್ತಾನೆ ಆನಂದ. ಹಾಗಾದರೆ ಆ ಹರಿದ ಚೀವರಗಳ ಗತಿ? ಅವು ಮೇಲುಹಾಸಾಗುತ್ತವೆ. ಹಳೆಯ ಮೇಲುಹಾಸು ಹಾಸಿಗೆಯ ಗವಸಣಿಗೆಯಾಗುತ್ತದೆ, ಹಳೆಯ ಗವಸಣಿಗೆ ನೆಲಹಾಸಾಗುತ್ತದೆ, ಹಳೆಯ ನೆಲಹಾಸು ಕಾಲೊರಸಾಗುತ್ತದೆ, ಹಳೆಯ ಕಾಲೊರಸು ಧೂಳು ಹೊಡೆಯುವ ಬಟ್ಟೆಯಾಗುತ್ತದೆ, ಅದೂ ಜೀರ್ಣವಾದರೆ ಚೂರು ಮಾಡಿ ಕೆಸರಿನಲ್ಲಿ ಕಲಸಿ ನೆಲ ಸಾರಿಸುತ್ತೇವೆ. ರಾಜ ಸಂತೋಷಪಟ್ಟು ಇನ್ನೂ ಐನೂರು ವಸ್ತ್ರ ಕೊಟ್ಟನಂತೆ. ಬಳಸಿದ್ದನ್ನೇ ಮತ್ತೆ ಮತ್ತೆ ಬಳಕೆಗೆ ತರುವ ‘ವೃತ್ತಾಕಾರದ ಆರ್ಥಿಕತೆ’ಯ ಬಗ್ಗೆ ಇಂದು ನಡೆಯುವ ವಿಚಾರ ಸಂಕಿರಣಗಳಲ್ಲಿ ರಾಜನ ಈ ಪ್ರಶ್ನೆಯನ್ನು, ಅಂದರೆ ‘ಅದು ಹಳೆಯದಾದ ಮೇಲೆ?’ ಎಂಬುದನ್ನು, ಕೊನೆಯ ಚೂರಿನವರೆಗೂ ಬಿಡದೆ ಕೇಳುವವರು ಕಡಿಮೆ.

ಹಳೆಯದು ಹೊಸದಕ್ಕಿಂತ ಕೆಳಗಿನದು ಎಂಬ ನಮ್ಮ ಎಣಿಕೆಯೂ ಎಲ್ಲ ಕಡೆ ನಿಲ್ಲುವುದಿಲ್ಲ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಕೆರೆ ಹೊಳೆಗಳ ನೀರನ್ನು ಸೀರೆಯ ಬಟ್ಟೆಯಲ್ಲಿ ಸೋಸಿ ಕುಡಿಯುವ ಪ್ರಯೋಗವನ್ನು ಹಳ್ಳಿಯ ಹೆಂಗಸರ ಜೊತೆಗೂಡಿ ನಡೆಸಿದರು. ಕಾಲರಾದ ರೋಗಾಣು ನೀರಿನಲ್ಲಿ ತೇಲುವ, ತನಗಿಂತ ದೊಡ್ಡ ಕಿರುಜೀವಿಗಳ ಮೈಗೆ ಅಂಟಿಕೊಂಡು ಬದುಕುವುದರಿಂದ, ಆ ಜೀವಿಗಳು ಬಟ್ಟೆಯಲ್ಲಿ ಸಿಕ್ಕಿಬಿದ್ದರೆ ರೋಗಾಣುವೂ ಬಹುಪಾಲು ಅಲ್ಲಿಯೇ ಉಳಿಯುತ್ತದೆ. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹೀಗೆ ಸೋಸಿದ ಹಳ್ಳಿಗಳಲ್ಲಿ ಕಾಲರಾ ಶೇ 48ರಷ್ಟು ಇಳಿಯಿತು. ಸ್ವಾರಸ್ಯವಿರುವುದು ಬಟ್ಟೆಯ ಆಯ್ಕೆಯಲ್ಲಿ: ನಾಲ್ಕು ಪದರವಾಗಿ ಮಡಿಚಿದ ಹಳೆಯ ಸೀರೆಯೇ ಹೊಸದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು, ಏಕೆಂದರೆ ಒಗೆದೊಗೆದು ಎಳೆಗಳು ಸಡಿಲಗೊಂಡು ಜೂಲು ಬಿಟ್ಟು ಕಣ್ಣುಗಳನ್ನು ಕಿರಿದಾಗಿಸಿದ್ದವು. ಬಟ್ಟೆ ಒಗೆಯುವ ಕಲ್ಲಿಗೆ ಇದರ ಶ್ರೇಯಸ್ಸಿನಲ್ಲಿ ಒಂದು ಪಾಲು ಸಲ್ಲಬೇಕು.

ರೇಷ್ಮೆ ಸೀರೆ ಮಸಿಬಟ್ಟೆಯವರೆಗೆ ಇಳಿಯುವುದಿಲ್ಲ. ಅದಕ್ಕೆ ಬೇರೆ ದಾರಿಯಿದೆ. ಅಸಲಿ ಜರಿಯೆಂದರೆ ರೇಷ್ಮೆಯ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟದ್ದಾದ್ದರಿಂದ, ಸೀರೆ ಜೀರ್ಣವಾದರೂ ಅಂಚು ಮತ್ತು ಸೆರಗು ಬೆಲೆ ಕಳೆದುಕೊಳ್ಳುತ್ತಿರಲಿಲ್ಲ. ಹಳೇ ಜರಿ ಸೀರೆ ಕೊಳ್ಳುವೆವೆಂದು ಬೀದಿಯಲ್ಲಿ ಕೂಗಿಕೊಂಡು ಬರುವವರು ಅದನ್ನು ತೂಗಿ ಒಯ್ಯುತ್ತಿದ್ದರು. ಕೊನೆಗೆ ಅದನ್ನು ಸುಟ್ಟು ಬೆಳ್ಳಿ ತೆಗೆಯುತ್ತಿದ್ದರು. ಅಜ್ಜಿಯ ಧಾರೆ ಸೀರೆ ಮೊಮ್ಮಗಳ ಕಾಲ್ಗೆಜ್ಜೆಯಾಗಿ ಮನೆಗೆ ಮರಳಿದ್ದರೂ ಆಶ್ಚರ್ಯವಿಲ್ಲ.

ಈ ಮೆಟ್ಟಿಲುಗಳು ಮುರಿದದ್ದು ಸೋಮಾರಿತನದಿಂದ ಎಂದು ಹಿರಿಯರು ಹೇಳುತ್ತಾರೆ. ನನಗೆ ಅದು ಅರ್ಧ ನಿಜವಾಗಿ ಕಾಣುತ್ತದೆ. ಇನ್ನರ್ಧ ನೂಲಿನಲ್ಲಿದೆ. ಇಂದು ಜಗತ್ತಿನಲ್ಲಿ ತಯಾರಾಗುವ ಜವಳಿ ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್. ಆ ಸೀರೆಯನ್ನು ಮಸಿಬಟ್ಟೆ ಮಾಡಿಕೊಂಡರೆ ಕಾದ ಪಾತ್ರೆಗೆ ಕರಗಿ ಅಂಟುತ್ತದೆ; ನೆಲ ಒರೆಸಲು ಹಿಡಿದರೆ ನೀರನ್ನು ಹೀರದೆ ಇನ್ನೊಂದು ಮೂಲೆಗೆ ತಳ್ಳುತ್ತದೆ; ಒಲೆಗೆ ಹಾಕಿದರೆ ಬಚ್ಚಲಮನೆಯೆಲ್ಲ ಕರಿ ಹೊಗೆ. ಉಡುವುದೊಂದನ್ನು ಬಿಟ್ಟು ಮತ್ತಾವ ಕೆಲಸವನ್ನೂ ಅರಿಯದ ಈ ಬಟ್ಟೆ ನೇರವಾಗಿ ಕಸದ ಗಾಡಿಯನ್ನು ಹತ್ತುತ್ತದೆ. ಹೀಗೆ ಒರೆಸಲು ಬಾರದ ಪಾಲಿಯೆಸ್ಟರನ್ನು ಹೊರಹಾಕಿದ ನಾವು, ಒರೆಸುವುದಕ್ಕೆಂದೇ ಕೂದಲಿಗಿಂತ ತೆಳ್ಳಗೆ ಸೀಳಿದ ಇನ್ನೊಂದು ಪಾಲಿಯೆಸ್ಟರನ್ನು ಮೈಕ್ರೋಫೈಬರ್ ಬಟ್ಟೆ ಎಂಬ ಹೆಸರಿನಲ್ಲಿ ದುಡ್ಡು ಕೊಟ್ಟು ಮನೆಗೆ ತರುತ್ತೇವೆ.

ಮನೆಯಲ್ಲಿ ಮುರಿದ ಮೆಟ್ಟಿಲನ್ನು ಕಾರ್ಖಾನೆಯಲ್ಲಿ ಕಟ್ಟುವ ಪ್ರಯತ್ನಗಳೂ ಹೊಸವಲ್ಲ. ಹಳೆಯ ಉಣ್ಣೆ ಬಟ್ಟೆಯನ್ನು ಚಿಂದಿ ಮಾಡಿ, ನಾರು ಬಿಡಿಸಿ, ಮತ್ತೆ ನೂಲುವ ವಿದ್ಯೆಯನ್ನು ಇಂಗ್ಲೆಂಡಿನ ಯಾರ್ಕ್‌ಷೈರಿನ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ ಎಂಬಾತ 1813ರಲ್ಲಿ ರೂಢಿಗೆ ತಂದ. ಈಗ ಆ ಕಸುಬಿನ ದೊಡ್ಡ ನೆಲೆ ಹರಿಯಾಣದ ಪಾಣಿಪತ್. ಚಳಿಯ ದೇಶಗಳವರು ಬಿಸುಟ ಕೋಟುಗಳು ಮತ್ತೆ ಉಡುಪಾಗಿ ಮಾರಾಟವಾಗದಂತೆ ಕತ್ತರಿಸಿಕೊಂಡು ಹಡಗಿನಲ್ಲಿ ಬಂದು ಅಲ್ಲಿ ಗುಡ್ಡೆ ಬೀಳುತ್ತವೆ. ಹೆಂಗಸರು ನೆಲದ ಮೇಲೆ ಕುಳಿತು ಗುಂಡಿ, ಜಿಪ್ಪುಗಳನ್ನು ಕಿತ್ತು, ಬಟ್ಟೆಯನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತಾರೆ. ಕೆಂಪಿನ ಗುಡ್ಡೆಯಿಂದ ಕೆಂಪು ನೂಲೇ ಬರುವುದರಿಂದ ಮತ್ತೆ ಬಣ್ಣ ಹಾಕುವ ಖರ್ಚೂ ಇಲ್ಲ, ಬಣ್ಣದ ನೀರನ್ನು ಹೊಳೆಗೆ ಬಿಡುವ ಪಾಪವೂ ಇಲ್ಲ. ನೆರೆ, ಭೂಕಂಪಗಳ ಸಂತ್ರಸ್ತರಿಗೆ ಹಂಚುವ ಒರಟು ಕಂಬಳಿಗಳು ಬಹುಕಾಲ ಅಲ್ಲಿಂದಲೇ ಹೋಗುತ್ತಿದ್ದವು. ಆ ಕಂಬಳಿಯ ಮಾರುಕಟ್ಟೆಯನ್ನೂ ಈಗ ಮೃದುವಾದ, ಹಗುರವಾದ ಹೊಸ ಪಾಲಿಯೆಸ್ಟರ್ ಹೊದಿಕೆ ಬಹಳಮಟ್ಟಿಗೆ ಕಿತ್ತುಕೊಂಡಿದೆ. ಚಿಂದಿ ಮಾಡುವಾಗ ನಾರು ತುಂಡಾಗಿ ಗಿಡ್ಡವಾಗುವುದರಿಂದ ಮರುನೂಲು ಮೊದಲಿನಷ್ಟು ಗಟ್ಟಿಯಿರುವುದಿಲ್ಲ. ಹತ್ತಿಗೆ ಎಲಾಸ್ಟೇನ್ ಎಂಬ ಹಿಗ್ಗುವ ಕೃತಕ ನಾರನ್ನು ಬೆರೆಸಿದ ಇಂದಿನ ಜೀನ್ಸನ್ನು ಬಿಡಿಸುವುದಂತೂ ಇನ್ನೂ ತಲೆನೋವು. ಯುರೋಪಿಯನ್ ಒಕ್ಕೂಟದ ದೇಶಗಳು 2025ರ ಜನವರಿಯಿಂದ ಬಟ್ಟೆಯ ತ್ಯಾಜ್ಯವನ್ನು ಬೇರೆಯಾಗಿಯೇ ಸಂಗ್ರಹಿಸಬೇಕೆಂಬ ನಿಯಮಕ್ಕೆ ಒಳಪಟ್ಟಿವೆ. ಸಂಗ್ರಹಿಸಬಹುದು, ಆದರೆ ಬಟ್ಟೆಯ ಇಳಿವಯಸ್ಸನ್ನು ಅದು ನೇಯುವ ದಿನವೇ ಯೋಚಿಸದಿದ್ದರೆ, ಸಂಗ್ರಹಿಸಿದ ಗುಡ್ಡೆಯ ಮುಂದೆ ನಿಂತು ಯೋಚಿಸಿ ಹೆಚ್ಚು ಪ್ರಯೋಜನವಿಲ್ಲ.

ಧಾರವಾಡದಲ್ಲಿರುವ ನನ್ನ ಸೋದರತ್ತೆಗೆ ಈ ಯೋಚನೆ ಅಂಗಡಿಯಲ್ಲಿಯೇ ಬರುತ್ತದೆ. ಕಳೆದ ದಸರೆಯಲ್ಲಿ ಜವಳಿ ಅಂಗಡಿಯ ಹುಡುಗನೊಬ್ಬ ಅವರ ಮುಂದೆ ಮಿರಿಮಿರಿ ಮಿಂಚುವ ಸೀರೆಯೊಂದನ್ನು ಹರವಿ, ಇಸ್ತ್ರಿ ಬೇಡ, ಗಂಜಿ ಬೇಡ, ಬಣ್ಣ ಹೋಗುವುದಿಲ್ಲ ಎಂದು ಗುಣಗಾನ ಮಾಡುತ್ತಿದ್ದ. ಅತ್ತೆ ಸೆರಗನ್ನು ಎರಡು ಬೆರಳಿನಲ್ಲಿ ಹೊಸಕಿ ನೋಡಿ, “ತಮ್ಮಾ, ಇದು ಹಳೇದಾದ ಮ್ಯಾಲ ನೆಲಾ ಒರಸಾಕ ಬರ್ತೈತೇನಪಾ?” ಎಂದರು. ಹುಡುಗ ಒಂದು ಕ್ಷಣ ತಬ್ಬಿಬ್ಬಾದರೂ ವ್ಯಾಪಾರ ಬಿಟ್ಟುಕೊಡದೆ, “ಅಮ್ಮಾರ, ಇದು ಹಳೇದ ಆಗಂಗಿಲ್ರೀ, ಇಪ್ಪತ್ ವರ್ಷಾದ್ರೂ ಹಿಂಗ ಇರ್ತೈತಿ” ಎಂದ.

“ಹಂಗಾರ ಇದು ಬ್ಯಾಡಪಾ, ಹತ್ತೀದು ತಗಿ” ಎಂದರು ಅತ್ತೆ. ಹತ್ತಿಯದಕ್ಕೆ ಬೆಲೆ ಹೆಚ್ಚಿತ್ತು. ಆ ವಿಷಯವಾಗಿ ಅವರಿಬ್ಬರ ನಡುವೆ ಬೇರೆಯೇ ಒಂದು ಚರ್ಚೆ ನಡೆಯಿತು.